ಉಕ್ಕಿನ ಪಿಸ್ತೂಲಿನ ಧಣಿಗಳು

ನಗಬೇಕೆಂದು ಯಾರೂ ಬಂದೂಕು ರಿಪೇರಿ ಅಂಗಡಿಗೆ ಬರುವುದಿಲ್ಲ. ಎಲ್ಲರೂ ಮುಖ ಗಂಟು ಹಾಕಿಕೊಂಡೇ ಬರುತ್ತಾರೆ. ಆದರೂ ಇಂಡಿ ಪೇಟೆಯ ನಮ್ಮ ಅಂಗಡಿಯಲ್ಲಿ ವಾರಕ್ಕೊಮ್ಮೆಯಾದರೂ ನಾನು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡುವ ಪ್ರಸಂಗ ಬಂದೇ ಬರುತ್ತದೆ.

ಅಂಗಡಿ ನಮ್ಮ ಮಾವನವರದು. ಲೈಸೆನ್ಸು ಇದ್ದವರ ಬಂದೂಕು, ಪಿಸ್ತೂಲು ಬಿಚ್ಚಿ, ಒರೆಸಿ, ಸ್ಪ್ರಿಂಗು ಬದಲಿಸಿ ಕೊಡುವ ಕೆಲಸ. ಅವರ ಮಗ, ಅಂದರೆ ನಮ್ಮ ಮನೆಯವರು, ಸಾಲಿ ಮಾಸ್ತರು. ದೀಪಾವಳಿಯ ಪಟಾಕಿಗೂ ಕಿವಿಗೆ ಅರಳೆ ಇಟ್ಟುಕೊಳ್ಳುವ ಜೀವ. ಅದಕ್ಕೆ ಮಾವ ತಮ್ಮ ವಿದ್ಯೆಯನ್ನು ಸೊಸೆಗೆ ಕಲಿಸಿದರು. ಈಗ ಅಂಗಡಿಯ ಪರವಾನಗಿಯೂ ನನ್ನ ಹೆಸರಿಗೇ ಇದೆ. ಹೊಸ ಗಿರಾಕಿ ಬಂದರೆ ಮೊದಲು ಕೇಳುವುದು, "ಮಿಸ್ತ್ರಿ ಎಲ್ಲ್ಯಾನ್ರಿ?" ಎಂದು. "ನಾನರಿ ಮಿಸ್ತ್ರಿ" ಎಂದರೆ ಹೊರಗೆ ಹೋಗಿ ಬೋರ್ಡು ಇನ್ನೊಮ್ಮೆ ಓದಿಕೊಂಡು ಬರುತ್ತಾನೆ.

ನಮ್ಮ ಕಡೆ ಬಹಳ ಮಂದಿಯ ಹತ್ತಿರ ಇರುವುದು ಅಪ್ಪನದೋ ಅಜ್ಜನದೋ ಹಳೇ ಪಿಸ್ತೂಲು. ಮೈಯೆಲ್ಲ ಉಕ್ಕು. ಒಂದು ಗುಂಡು ಹಾರಿದೊಡನೆ ಮುಂದಿನದು ತಾನಾಗಿಯೇ ಏರಿ ಕೂಡುವಂಥದು. ಈಗಿನವು ಹಗುರ, ಅರ್ಧ ಪ್ಲಾಸ್ಟಿಕ್ಕು. ಕೈಯಲ್ಲಿ ಹಿಡಿದರೆ ಟಿವಿ ರಿಮೋಟು ಹಿಡಿದಂತೆ. ಹಳೆಯದರ ಗತ್ತೇ ಬೇರೆ. ಅಂಚು ಸವೆದು ಬೆಳ್ಳಿಯಂತೆ ಹೊಳೆಯುತ್ತಿರುತ್ತದೆ, ನಡುವೆ ಕಡುನೀಲಿ ಬಣ್ಣ, ಮೇಲಿನ ಭಾಗ ಹಿಂದಕ್ಕೆ ಎಳೆದು ಬಿಟ್ಟರೆ 'ಟಣಕ್' ಎಂದು ಹಳೇ ತಿಜೋರಿಯ ಬಾಗಿಲು ಮುಚ್ಚಿದಂಥ ಸದ್ದು. ಎಣ್ಣೆ ತೋರಿಸುತ್ತಿದ್ದರೆ ಮೊಮ್ಮಗನ ಕಾಲಕ್ಕೂ ನಡೆಯುತ್ತದೆ. ಪಿಸ್ತೂಲು ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಇರುವುದು ಅದರ ಧಣಿಗಳಲ್ಲಿ.

ಒಮ್ಮಿನೂ ಕೈ ಕೊಟ್ಟಿಲ್ಲ

ಸಿಂದಗಿಯಿಂದ ಒಬ್ಬ ಅರಳೆ ವ್ಯಾಪಾರಿ ಅಣ್ಣನ ಮಗನನ್ನು ಕರೆದುಕೊಂಡು ಬಂದರು. ಹುಡುಗ ಹೊಸ ಹಗುರ ಪಿಸ್ತೂಲು ಕೊಂಡಿದ್ದ. ಪರೀಕ್ಷೆಗೆಂದು ಹಾರಿಸಿದಾಗ ಎರಡನೆಯ ಗುಂಡು ಅಡ್ಡ ಸಿಕ್ಕಿಕೊಂಡಿತ್ತು. ಅವನ ಮುಖ ಸಣ್ಣದಾಗಿತ್ತು. ಕಾಕಾನಿಗೆ ಮಾತ್ರ ಹಬ್ಬ.

"ನಾ ಹೇಳಿದ್ದಿಲ್ಲೇನು? ತಗೊಂಡ್ರ ಉಕ್ಕಿಂದ ತಗೋ ಅಂತ?" ಎನ್ನುತ್ತ ತಮ್ಮ ಪಿಸ್ತೂಲು ಖಾಲಿ ಮಾಡಿ ನನ್ನ ಮೇಜಿನ ಮೇಲೆ ಇಟ್ಟರು. "ನೋಡವ್ವ, ಇದರ ಸಂಗಾಟ ನನ್ನ ತಲಿ ಬೆಳ್ಳಗಾತು. ಒಮ್ಮಿನೂ ಕೈ ಕೊಟ್ಟಿಲ್ಲ. ಒಮ್ಮಿನೂ!"

ನಾನು ಬಿಚ್ಚಿ ನಳಿಗೆಯನ್ನು ಬೆಳಕಿಗೆ ಹಿಡಿದೆ. ಒಳಗೆ ಕನ್ನಡಿಯಂತೆ ಫಳಫಳ. ಒಂದು ಗೀರಿಲ್ಲ, ಮದ್ದಿನ ಕಪ್ಪಿಲ್ಲ. ನನಗೇ ಅನುಮಾನ ಬಂತು.

"ಕಾಕಾ, ಇದನ್ನ ಎಷ್ಟ ಸಲ ಹಾರಿಸೀರಿ?"

ಅವರು ನನ್ನನ್ನು ತಿಳಿಗೇಡಿಯಂತೆ ನೋಡಿದರು. "ಯವ್ವಾ, ಹಾರಿಸಿದ್ರ ಕೈ ಕೊಡತೈತಲ್ಲ!"

ಧೋತರದ ಭಾರ

ಝಳಕಿ ಹತ್ತಿರದ ಒಂದು ಹಳ್ಳಿಯ ಗೌಡರು ಅಜ್ಜನ ಪಿಸ್ತೂಲನ್ನು ಯಾವಾಗಲೂ ಧೋತರದ ಕಚ್ಚೆಯಲ್ಲಿ ಸಿಕ್ಕಿಸಿಕೊಂಡು ತಿರುಗುತ್ತಿದ್ದರು. ಹಿಡಿಕೆಯೊಳಗೆ ಸೇರಿಸುವ ಗುಂಡಿನ ಮ್ಯಾಗಜೀನು ತುಂಬಿದರೆ ಅದು ಒಂದು ಸೇರು ಜೋಳದಷ್ಟು ಭಾರ. ಚರ್ಮದ ಚೀಲ ಹೊಲಿಸಿಕೊಳ್ಳಿರೆಂದು ನಾನು ಎಷ್ಟೋ ಸಲ ಹೇಳಿದ್ದೆ. "ನಮ್ಮ ಅಜ್ಜ ಹಿಂಗ ಇಟಗೊಂತಿದ್ದ" ಎಂಬುದೇ ಉತ್ತರ.

ಒಂದು ದಿನ ಬೆವರು ಒರೆಸಿಕೊಳ್ಳುತ್ತ ಬಂದರು. ಪಕ್ಕದೂರಿನ ನಿಶ್ಚಯ ಕಾರ್ಯದಲ್ಲಿ ಅವರಿಗೆ ಸನ್ಮಾನವಿತ್ತಂತೆ. ಹಾರ ಹಾಕಲು ಬಂದಾಗ ಎರಡೂ ಕೈ ಎತ್ತಿ ಮುಗಿದಿದ್ದಾರೆ. ಹೊಟ್ಟೆ ಒಳಗೆ ಹೋಗಿದೆ, ಕಚ್ಚೆ ಸಡಿಲಾಗಿದೆ, ಪಿಸ್ತೂಲು 'ಧಡ್' ಎಂದು ಕೆಳಗೆ ಬಿದ್ದಿದೆ. ಪುಣ್ಯಕ್ಕೆ ನಳಿಗೆಯಲ್ಲಿ ಗುಂಡಿರಲಿಲ್ಲ. ಪಿಸ್ತೂಲಿನ ಹಿಂದೆಯೇ ಧೋತರವೂ ಇಳಿದಿದೆ.

"ಅಯ್ಯ, ಮಂದಿ ಏನಂದ್ರು ಗೌಡ್ರ?"

"ಮಂದಿ ಸುದ್ದಿ ಬಿಡು. ನೆಲದ ಫರಸಿ ಕಲ್ಲ ಒಡದ ಎರಡ ತುಂಡಾತು. ಇದಕ್ಕ ಒಂದ ಗೀರಾರ ಬಿದ್ದೈತೇನು ನೋಡು!"

ಬಿದ್ದಿರಲಿಲ್ಲ. ಗೌಡರ ಎದೆ ಉಬ್ಬಿತು. ನಾನು ಮೆಲ್ಲಗೆ, "ಈ ಭಾರ ಈಗ ನಿಮಗ ಯಾಕ್ರಿ? ಒಂದ ಹಗುರಂದು ತಗೊಂಡ ಬಿಡ್ರಿ" ಎಂದೆ.

ಗೌಡರು ಕೂತಲ್ಲಿಂದ ಎದ್ದು ನಿಂತರು. "ಅಜ್ಜನ ಪಿಸ್ತೂಲ ಬಿಡಂಗಿಲ್ಲ. ಬೇಕಾದ್ರ ಧೋತರ ಬಿಡ್ತೇನಿ."

ಮುಂದಿನ ಸಲ ಬಂದಾಗ ಖರೇನೇ ಪ್ಯಾಂಟು, ನಾಲ್ಕು ಬೆರಳು ಅಗಲದ ಬೆಲ್ಟು, ಚರ್ಮದ ಚೀಲ. ಆದರೆ ಕಾಲಿಗೆ ಪಟ್ಟಿ ಕಟ್ಟಿತ್ತು. "ಏನಾತ್ರಿ?" ಎಂದು ಕೇಳಿದೆ.

"ಪ್ಯಾಂಟ ಹಾಕ್ಕೊಂಡ ಮನಿಗಿ ಹ್ವಾದ್ನಿ. ನಮ್ಮ ನಾಯಿ ಗುರತ ಹಿಡೀಲಿಲ್ಲ."

ನುಸಿ ಹತ್ತದ ಚೀಲ

ಮುದ್ದೇಬಿಹಾಳದ ವಕೀಲರೊಬ್ಬರು ಮುಂಜಾನೆಯೇ ಬಂದು ಕುರ್ಚಿಯಲ್ಲಿ ಕುಸಿದರು. ತಂದೆಯ ಪಿಸ್ತೂಲು ಅವರ ಹೆಸರಿಗೆ ಆಗಿತ್ತು. ಲೈಸೆನ್ಸು ನವೀಕರಣಕ್ಕೆ ಅದನ್ನು ಮರುದಿನ ಸಾಹೇಬರ ಮುಂದೆ ತೋರಿಸಬೇಕು. ಕಪಾಟು ತೆಗೆದರೆ ಗುಂಡುಗಳಿವೆ, ಪಿಸ್ತೂಲಿಲ್ಲ.

"ಬ್ಯಾರೇದವರ ಪಿಸ್ತೂಲ ಬಿಡಿಸೀನಿ ಕೋರ್ಟಿನಾಗ. ಈಗ ನನ್ನ ಬಿಡಸವ್ರು ಯಾರ್ರಿ?" ಎಂದರು. "ಮನೆಯವರನ್ನೆಲ್ಲ ಕೇಳಿರೇನ್ರಿ?" ಎಂದೆ. ಹೆಂಡತಿಯನ್ನು, ಮಕ್ಕಳನ್ನು, ಆಳುಗಳನ್ನು ಕೇಳಿದ್ದರು. ಮುದುಕಿ ತಾಯಿಯನ್ನು ಕೇಳಿರಲಿಲ್ಲ. ಅವರಿಗೆ ಪಿಸ್ತೂಲಿನ ಗೊಡವೆ ಏನು ಎಂದು.

"ಮೊದಲ ಅವರನ್ನ ಕೇಳ್ರಿ. ಇಲ್ಲಂದ್ರ ಸೀದಾ ಪೊಲೀಸರ ಕಡೆ ಹೋಗಿ ಖರೇದು ಹೇಳ್ರಿ" ಎಂದೆ.

ಅವರು ಅಲ್ಲೇ ಫೋನು ಹಚ್ಚಿದರು. ಆ ಕಡೆಯ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು. "ಅದಾ? ಜ್ವಾಳದ ಚೀಲದಾಗ ಐತಿ. ಅಷ್ಟಕ್ಕ ಇಂಡಿತನಾ ಹೋಗೀಯೇನು?"

ಸಂಜೆಯೊಳಗೆ ವಕೀಲರು ಹೊಳ್ಳಿ ಬಂದರು. ಈ ಸಲ ತಾಯಿಯೂ ಜೊತೆಗಿದ್ದರು. ನಾನು ಪಿಸ್ತೂಲನ್ನು ಬೋರಲು ಹಾಕಿ ಕುಟ್ಟಿದೆ. ನಳಿಗೆಯಿಂದ, ಹಿಡಿಕೆಯಿಂದ, ಸ್ಪ್ರಿಂಗಿನ ಸಂದಿಯಿಂದ ಬಿಳಿಜೋಳ ಉದುರಿತು. ಒರೆಸಿ, ಎಣ್ಣೆ ಹಾಕಿ ಎಳೆದರೆ ಮೊದಲಿನಂತೆಯೇ 'ಟಣಕ್'. ವರ್ಷವಿಡೀ ಜೋಳದ ಧೂಳಿನಲ್ಲಿ ಮಲಗಿ ಎದ್ದರೂ ಅದಕ್ಕೆ ಒಂದು ತುಕ್ಕಿನ ಚುಕ್ಕಿಯೂ ಇರಲಿಲ್ಲ. ವಕೀಲರಿಗೆ ಹೋದ ಜೀವ ಬಂತು. ತಾಯಿ ಮಾತ್ರ ಪಿಸ್ತೂಲಿಗೆ ಕೈ ಚಾಚಿ ಕೂತಿದ್ದರು.

"ಸಾಹೇಬ್ರಿಗೆ ತೋರಿಸಿ ಹೊಳ್ಳಿ ನನಗ ಕೊಡು. ಉಳದ ಚೀಲೆಲ್ಲಾ ನುಸಿ ಹತ್ತ್ಯಾವ. ಇದನ್ನ ಇಟ್ಟ ಚೀಲಕ್ಕ ಒಂದ ನುಸಿ ಬಂದಿಲ್ಲ."

"ಯವ್ವಾ, ಅದು ಅಪ್ಪಾರ ಪಿಸ್ತೂಲ!" ಎಂದು ವಕೀಲರು ಒದರಿದರು.

ಮುದುಕಿ ತಣ್ಣಗೆ ಹೇಳಿದರು: "ನಿಮ್ಮಪ್ಪ ಜೀವ ಇರೂತನಾ ಸೊಂಟದಾಗ ಸಿಗಿಸ್ಕೊಂಡ ತಿರಗಿದ. ಒಂದ ಇಲಿ ಅಂಜಿದ್ದು ನಾ ಕಾಣಲಿಲ್ಲ."

ಭೇಟಿಯ ವೇಳೆ

ಚುನಾವಣೆ ಬಂತೆಂದರೆ ಲೈಸೆನ್ಸುದಾರರೆಲ್ಲ ತಮ್ಮ ಆಯುಧ ಒಪ್ಪಿಸಬೇಕು. ಕೆಲವರು ಠಾಣೆಗೆ ಕೊಡುತ್ತಾರೆ, ಕೆಲವರು ನಮ್ಮಂಥ ಪರವಾನಗಿ ಇರುವ ಅಂಗಡಿಯಲ್ಲಿಟ್ಟು ರಸೀದಿ ಪಡೆಯುತ್ತಾರೆ. ಗೊಳಸಂಗಿಯ ಒಬ್ಬ ಹಿರಿಯ ರೈತರು ಅಷ್ಟು ದೂರದಿಂದ ಬಂದು ನಮ್ಮಲ್ಲೇ ಇಟ್ಟರು. "ಸೊಸಿ ಕೈ ಮೆತ್ತಗಿರತೈತಿ" ಎಂಬುದು ಅವರ ಲೆಕ್ಕ.

ಇಟ್ಟು ಹೋದವರು ಎರಡೇ ದಿನಕ್ಕೆ ಮತ್ತೆ ಹಾಜರು.

"ಹೆಂಗೈತಿ?"

"ಆರಾಮ ಐತ್ರಿ."

"ಸ್ವಲ್ಪ ತೋರಿಸ್ತೀಯೇನವಾ? ದೂರಿಂದ ನೋಡ್ತೇನಿ."

ಕಪಾಟು ತೆಗೆದು ತೋರಿಸಿದೆ. ಕಣ್ಣು ತುಂಬ ನೋಡಿ, "ಸೊರಗೈತಿ" ಎಂದು ಹೇಳಿ ಹೋದರು. ಉಕ್ಕು ಹೇಗೆ ಸೊರಗುತ್ತದೋ ದೇವರಿಗೇ ಗೊತ್ತು. ಮುಂದಿನ ಸಲ ಮೆತ್ತನೆಯ ಮಲ್ ಬಟ್ಟೆ ತಂದರು. ಅದರ ಮುಂದಿನ ಸಲ ಸಣ್ಣ ಸೀಸೆಯಲ್ಲಿ ಎಣ್ಣೆ. ಒಮ್ಮೆ ಮಳೆ ಬಂದಾಗ ಫೋನು ಮಾಡಿ, "ಅಲ್ಲಿ ಥಂಡಿ ಬಾಳ ಐತೇನು?" ಎಂದು ವಿಚಾರಿಸಿದರು. ನಮ್ಮ ಮನೆಯವರು ಕೇಳಿಸಿಕೊಂಡು, "ಯಾರಿಗೆ ಆರಾಮಿಲ್ಲ?" ಎಂದು ಗಾಬರಿಯಾದರು.

ಮತ ಎಣಿಕೆ ಮುಗಿದ ಮೇಲೆ ಪಿಸ್ತೂಲು ಬಿಡಿಸಿಕೊಳ್ಳಲು ಬಂದಾಗ ಹೆಂಡತಿಯೂ ಬಂದಿದ್ದರು. ರೈತರು ಪಿಸ್ತೂಲನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಹಣೆಗೆ ಮುಟ್ಟಿಸಿ, ಬೆನ್ನು ಸವರಿದರು. ಆ ಹೆಣ್ಣುಮಗಳು ಇದನ್ನೆಲ್ಲ ನೋಡುತ್ತ ನಿಂತಿದ್ದರು.

"ಹ್ವಾದ ವರ್ಷ ನಂದು ಹೊಟ್ಟಿ ಆಪರೇಶನ್ ಆತವ್ವಾ ವಿಜಾಪುರದಾಗ" ಎಂದರು ನನಗೆ. "ಸೇರಿಸಿ ಹ್ವಾದಾಂವ ಡಿಸ್ಚಾರ್ಜಿಗೇ ಬಂದ. ಕೇಳಿದ್ರ, ಹೊಲದಾಗ ಕೆಲಸ ಇತ್ತಂತ."

ರೈತರು ಪಿಸ್ತೂಲಿನ ಧೂಳು ಊದತೊಡಗಿದರು. ಆಕೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಮುಂದಿನ ಎಲೆಕ್ಷನ್ನಿಗೆ ಇಲ್ಲಿ ನನ್ನನ್ನ ಡಿಪಾಜಿಟ್ ಇಟ್ಕೋತೀಯೇನವಾ? ಎರಡ ದಿನಕ್ಕೊಮ್ಮಿ ನೋಡಾಕರ ಬರ್ತಾನ."

ಬ್ಯಾರಲ್ಲಿನ ಮಾತು

ಬಸವನ ಬಾಗೇವಾಡಿಯಲ್ಲಿ ಒಬ್ಬ ಗುತ್ತೇದಾರರಿದ್ದಾರೆ. ಆಲಮಟ್ಟಿ ಕಾಲುವೆಯ ಕೆಲಸ ಮಾಡಿ ಈಗ ಮನೆಯಲ್ಲಿದ್ದಾರೆ. ಮನುಷ್ಯ ಬಂಗಾರ. ಅವರ ಉಕ್ಕಿನ ಪಿಸ್ತೂಲಿನ ವಿಷಯ ಮಾತ್ರ ಎತ್ತಬಾರದು. ಎತ್ತಿದರೆ ಅದರ ಉಕ್ಕು, ಅದರ ತೂಕ, ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಅದರ ಕುದುರೆ, ಅದರ ಹಿಡಿಕೆ ಎಂದು ಪುರಾಣ ಶುರುವಾಗುತ್ತದೆ. ಅವರು ಕ್ಷೌರಕ್ಕೆ ಕೂತರೆ ಹಡಪದವನು ಅರ್ಧ ಗಡ್ಡಕ್ಕೇ ಕೈ ತೊಳೆಯುತ್ತಾನೆ ಎಂದು ಊರಲ್ಲಿ ಹೇಳುತ್ತಾರೆ.

ಒಮ್ಮೆ ಅದರ ಮ್ಯಾಗಜೀನಿನ ಸ್ಪ್ರಿಂಗು ಸಡಿಲಾಗಿತ್ತು. ಮ್ಯಾಗಜೀನನ್ನಷ್ಟೇ ನನ್ನಲ್ಲಿ ಬಿಟ್ಟು, ಪಿಸ್ತೂಲನ್ನು ಸೊಂಟದಲ್ಲಿಟ್ಟುಕೊಂಡು ಹೋದರು. ಗುಂಡಿಲ್ಲದ ಪಿಸ್ತೂಲು ಯಾಕೆ ಬೇಕು ಎಂದು ಕೇಳಿದರೆ, "ಇಲ್ಲಂದ್ರ ಸೊಂಟ ಹಗುರಾಗಿ ವಾಲತೈತಿ" ಎಂದರು. ಮುಂದಿನದನ್ನು ನನಗೆ ಹೇಳಿದ್ದು ಅವರ ಡ್ರೈವರು.

ಮರುದಿನ ಮಧ್ಯಾಹ್ನ ಇಬ್ಬರೂ ಕಾರಿನಲ್ಲಿ ಬೀಗರ ಊರಿಗೆ ಹೊರಟಿದ್ದರು. ಹೊಲದ ನಡುವಿನ ಹಾದಿ, ಸುತ್ತ ಒಂದು ನರಪಿಳ್ಳೆ ಇಲ್ಲ. ತಿರುವಿನಲ್ಲಿ ಒಂದು ಬೈಕು ಅಡ್ಡ ನಿಂತಿತ್ತು. ಇಬ್ಬರು ಇಳಿದು ಬಂದರು. ಒಬ್ಬನ ಕೈಯಲ್ಲಿ ಮಚ್ಚು, ಇನ್ನೊಬ್ಬನ ಕೈಯಲ್ಲಿ ಚಾಕು. "ಸರ ಬಿಚ್ಚು, ಉಂಗುರ ಬಿಚ್ಚು" ಎಂದರು. ಡ್ರೈವರು ಕೈ ಎತ್ತಿ ನಿಂತ.

ಗುತ್ತೇದಾರರು ಕೆಳಗಿಳಿದು ಸೊಂಟಕ್ಕೆ ಕೈ ಹಾಕಿ ಪಿಸ್ತೂಲು ತೆಗೆದರು. ಕಳ್ಳರು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಮಚ್ಚಿನವನು ಬಗ್ಗಿ ಹಿಡಿಕೆಯ ಕೆಳಗೆ ನೋಡಿದ. ಬರೀ ತೂತು.

"ಏ, ಮ್ಯಾಗಜೀನ್ ಇಲ್ಲೋ ಇದಕ್ಕ! ಡಬ್ಬಾ ಐತಿ!"

ಸರ ಕೇಳಿದಾಗ ಬಾರದ ಸಿಟ್ಟು ಗುತ್ತೇದಾರರಿಗೆ ಆಗ ಬಂತು.

"ಯಾವುದಕ್ಕ ಡಬ್ಬಾ ಅಂತೀಯೋ? ಹಿಡಿ. ಕೈಯಾಗ ಹಿಡದ ನೋಡು. ಆಮ್ಯಾಲ ಮಾತಾಡು!" ಎಂದು ಪಿಸ್ತೂಲನ್ನು ಕಳ್ಳನ ಕೈಗೇ ಕೊಟ್ಟುಬಿಟ್ಟರು. ಡ್ರೈವರು ಕಣ್ಣು ಮುಚ್ಚಿ ಕುಲದೇವರನ್ನು ನೆನೆದ.

"ಒಂದ ಕೈಲೆ ಬ್ಯಾಡ. ಎರಡೂ ಕೈಲೆ ಹಿಡಿ. ಆ ಮಚ್ಚು ಅಲ್ಲಿಡು."

ಕಳ್ಳ ಮಚ್ಚನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು ಎರಡೂ ಕೈಯಿಂದ ಹಿಡಿದ. "ಭಾರ ಐತ್ರಿ" ಎಂದ. ಎದುರಿನವರಿಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು.

"ಹಾಂ, ಈಗ ಹಾದಿಗೆ ಬಂದಿ. ಯಾಕ ಭಾರ ಐತಿ? ಇಡೀ ಉಕ್ಕಿನ ಗಟ್ಟಿ ಕೊರದ ಮಾಡ್ಯಾರ. ಬೆಸಿಗಿ ಹಾಕಿಲ್ಲ. ಹಾರಿಸಿದ್ರ ಕೈ ಜಿಗಿಯಂಗಿಲ್ಲ, ಆ ಧಕ್ಕಾ ಎಲ್ಲಾ ಭಾರನ ನುಂಗತೈತಿ. ಈಗ ಈ ಕುದರಿ ಎಳಿ. ಮೆಲ್ಲಕ..."

ಚಾಕುವಿನವನು ತಾಳ್ಮೆಗೆಟ್ಟು ಒದರಿದ: "ಏ, ಸರ ಕಸ್ಕೊಂಡ ಬಾರೋ!"

"ನೀ ಸುಮ್ಮ ನಿಂದ್ರು" ಎಂದು ಗುತ್ತೇದಾರರು ಗದರಿಸಿದರು. "ಕಲಿಯಾವ ಕಲೀತಾನ, ನೀ ಯಾಕ ನಡುವ ಬಾಯಿ ಹಾಕ್ತಿ?" ಅವನು ಸಾಲಿ ಹುಡುಗನಂತೆ ಚಾಕು ಬೆನ್ನ ಹಿಂದೆ ಹಿಡಿದು ನಿಂತ.

ಉಕ್ಕು ಮುಗಿಯಿತು, ಕುದುರೆ ಮುಗಿಯಿತು, ಹಿಡಿಕೆಯ ಕಟ್ಟಿಗೆ ಯಾವ ಮರದ್ದು ಎಂಬುದೂ ಮುಗಿಯಿತು. ಅಷ್ಟರಲ್ಲಿ ದಿಬ್ಬದ ಆಚೆಯಿಂದ ದೊಡ್ಡ ಕುರಿಹಿಂಡು ಇಳಿದು ಬಂತು. ಹಿಂದೆ ಬಡಿಗೆ ಹಿಡಿದ ಕುರುಬರು, ಅವರ ನಾಯಿಗಳು. ಹಾದಿಯೆಲ್ಲ ತುಂಬಿತು. ಒಬ್ಬ ಕುರುಬ, "ಏನ್ ನಡದೈತ್ರಿ ಇಲ್ಲಿ?" ಎಂದು ಕೇಳಿದ್ದೇ ತಡ, ಡ್ರೈವರಿಗೆ ದನಿ ಬಂತು. "ಕಳ್ಳರು! ಕಳ್ಳರು!"

ಚಾಕುವಿನವನು ಬೈಕಿಗೆ ಒದ್ದು ಚಾಲೂ ಮಾಡಿದ. ಇನ್ನೊಬ್ಬ ಪಿಸ್ತೂಲನ್ನು ಎರಡೂ ಕೈಯಿಂದ ಗುತ್ತೇದಾರರಿಗೆ ಹೊಳ್ಳಿ ಕೊಟ್ಟು, ನಮಸ್ಕಾರ ಮಾಡಿ, ಓಡಿ ಹೋಗಿ ಹಿಂದೆ ಹತ್ತಿದ. ಮಚ್ಚು ಬಾನೆಟ್ಟಿನ ಮೇಲೆಯೇ ಉಳಿಯಿತು.

ಮಚ್ಚನ್ನು ಪೊಲೀಸರಿಗೆ ಒಪ್ಪಿಸಿ, ದೂರು ಕೊಟ್ಟು, ಇಬ್ಬರೂ ಮ್ಯಾಗಜೀನು ಒಯ್ಯಲು ನನ್ನಲ್ಲಿಗೆ ಬಂದಿದ್ದರು. ಡ್ರೈವರು ಕೈ ಬೀಸಿ ಬೀಸಿ ಕಥೆ ಹೇಳಿದ. ಗುತ್ತೇದಾರರು ಮಾತ್ರ ಮುಖ ಇಳಿಬಿಟ್ಟು ಕೂತಿದ್ದರು.

"ಹೋಗ್ಲಿ ಬಿಡ್ರಿ. ಜೀವ ಉಳೀತು, ಸರ ಉಳೀತು" ಎಂದು ಸಮಾಧಾನ ಹೇಳಿದೆ.

"ಅದಲ್ಲವ್ವಾ. ಅಷ್ಟ ಚಲೋ ಕೇಳಾಕತ್ತಿದ್ದ. ಅರ್ಧಕ್ಕ ಎದ್ದ ಹ್ವಾದ." ಗುತ್ತೇದಾರರು ನಿಟ್ಟುಸಿರು ಬಿಟ್ಟರು. "ನಾ ಇನ್ನೂ ಬ್ಯಾರಲ್ಲಿಂದು ಹೇಳೂದಿತ್ತು."

ಹೀಗೆಂದವರು ಕುರ್ಚಿಯನ್ನು ನನ್ನ ಮೇಜಿಗೆ ಹತ್ತಿರ ಎಳೆದುಕೊಂಡರು. ಡ್ರೈವರು "ಗಾಡಿಗೆ ನೀರ ಹಾಕಿ ಬರ್ತೇನ್ರಿ" ಎಂದು ಹೊರಗೆ ಜಾರಿದ. ನಮ್ಮ ಮನೆಯವರು ಒಳಗೆ ಹೋಗಿ ಕಿವಿಗೆ ಅರಳೆ ಇಟ್ಟುಕೊಂಡರು. ನಾನು ಎಲ್ಲಿಗೆ ಹೋಗಲಿ? ಅಂಗಡಿ ನನ್ನದು.

ಆ ಕಳ್ಳರು ಪುಣ್ಯವಂತರು. ಅವರ ಹತ್ತಿರ ಬೈಕಾದರೂ ಇತ್ತು.