ಎದ್ದು ಹೊಂಟವನ ಕಾರಿನ ಚೌಕಾಸಿ

ನಗೂವಂಥ ಪ್ರಸಂಗ ನಮ್ಮಂಥವರ ಮನಿಗೆ ಯಾವಾಗ ಬರ್ತಾವ ಅಂದ್ರ, ನಗಲಿಕ್ಕೆ ಮೈಯಾಗ ತ್ರಾಣ ಇಲ್ಲದಾಗ ಬರ್ತಾವ. ಹೋದ ವರ್ಷದಿಂದ ಅವು ನನ್ನ ಬೆನ್ನು ಬಿಟ್ಟಿಲ್ಲ.

ನಂದು ಜೇವರ್ಗಿಯೊಳಗ ಬಟ್ಟಿ ಅಂಗಡಿ. ಗಾದಿ ಮ್ಯಾಲ ಕುಂತು ಮೂವತ್ತು ವರ್ಷ ಆತು. ಹೆಣ್ಣಮಕ್ಕಳು ಸೀರಿ ಕೇಳ್ತಾರ. ನಾ ಸಾವಿರ ಅಂತೇನಿ, ಅವರು ಆರುನೂರು ಅಂತಾರ. ಆಗಂಗಿಲ್ಲ ಅಂತೇನಿ, ಅವರು ಎದ್ದು ಹೊಂಡ್ತಾರ. ಒಂದು ಹೆಜ್ಜಿ, ಎರಡು ಹೆಜ್ಜಿ. ಮೂರನೇ ಹೆಜ್ಜಿ ಇಡೋದರೊಳಗ "ಬರ್ರಿ ಅಕ್ಕಾ, ಬರ್ರಿ, ಬೋಣಿ ವ್ಯಾಳ್ಯಾ" ಅಂತ ನಾ ಕರೀಲೇಬೇಕು. ನಮ್ಮ ವ್ಯಾಪಾರದ ಕಾಯ್ದೆ ಅದು. ದುನಿಯಾದಾಗ ಎಲ್ಲಾ ವ್ಯಾಪಾರಕ್ಕೂ ಅದೇ ಕಾಯ್ದೆ ಅಂತ ನಾ ತಿಳಕೊಂಡಿದ್ದೆ. ಅಲ್ಲೇ ದಾರಿ ತಪ್ಪಿದ್ದು.

ನನ್ನ ಹೆಂಡತಿಗೆ ಕಿಡ್ನಿ ಕೈಕೊಟ್ಟಾವ. ವಾರಕ್ಕ ಎರಡು ಸಲ ಕಲಬುರಗಿಗೆ ಹೋಗಿ ಡಯಾಲಿಸಿಸ್ ಮಾಡಿಸ್ಕೊಂಡು ಬರಬೇಕು. ನಾಲ್ಕು ತಾಸು ಮಷೀನಿನ ಮಗ್ಗಲು ಮಲಗಿ ಎದ್ದ ಮ್ಯಾಲ ಆಕಿ ಮಾರಿ ಸುಣ್ಣದಂಗ ಬೆಳ್ಳಗಾಗಿರ್ತದ. ಆ ಮಾರಿ ಹೊತ್ತುಕೊಂಡು ಬಸ್ಸಿನ ರಾಡ್ ಹಿಡಿದು ನಿಲ್ತಾಳ. ಯಾರರೆ ಸೀಟ್ ಬಿಟ್ಟುಕೊಟ್ರ ಕೂಡ್ತಾಳ, ಇಲ್ಲಾಂದ್ರ ಇಲ್ಲ. ನೋಡಿದ್ರ ನನ್ನ ಜೀವ ಚುರ್ ಅಂತದ. ಪ್ರತಿ ಸಲ ಬಾಡಿಗಿ ಗಾಡಿ ಮಾಡೂವಷ್ಟು ಅಂಗಡಿ ನಡಿಯಂಗಿಲ್ಲ. ಹಳೇದೇ ಇರಲಿ, ಒಂದು ಕಾರ್ ತಗೋಬೇಕು, ಹಿಂದಿನ ಸೀಟಿನ ಮ್ಯಾಲ ಆಕಿನ್ನ ಮಲಗಿಸ್ಕೊಂಡು ಬರಬೇಕು ಅಂತ ಎರಡು ಲಕ್ಷ ಕೂಡಿಸಿದೆ. ಕಾರ್ ಓಡಿಸ್ಲಿಕ್ಕೆ ನನಗ ಬರ್ತದ. ತಗೊಳ್ಳಲಿಕ್ಕೆ ಬರಂಗಿಲ್ಲ ಅನ್ನೂದು ಆಮ್ಯಾಲ ಗೊತ್ತಾತು.

ಚಷ್ಮಾ

ಮೊದಲ ಸಲ ನಮ್ಮೂರ ಬಸ್ ಸ್ಟ್ಯಾಂಡಿನ ಹತ್ರ ಹಳೇ ಕಾರ್ ಮಾರುವ ಒಬ್ಬನ ಕಡೆ ಹೋದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಾಗ ಎರಡು ಫೋನ್. ನೀಲಿ ಕಾರ್ ತೋರಿಸಿದ. ನಾ ಸುತ್ತಾಕಿ ನೋಡಿ, ಮೈ ಸವರಿ, ಎಲ್ಲಾ ಕಡೆ ಮಾರಿ ಸಿಂಡರಿಸಿದೆ. ಹಂಗ ಮಾಡಬೇಕು.

"ಎರಡು ಲಕ್ಷ ನಾಲ್ವತ್ತು ರೀ ಸಾವಕಾರ್ರ," ಅಂದ.

"ಒಂದು ಅರವತ್ತು," ಅಂದೆ.

"ಆಗಂಗಿಲ್ರಿ."

ಎದ್ದೆ. ಚಪ್ಪಲ್ ಮೆಟ್ಟಿದೆ. ಒಂದು ಹೆಜ್ಜಿ, ಎರಡು, ಮೂರು. ಸುದ್ದಿಲ್ಲ. ಹುಡುಗ ಹೊಸಬ ಇರಬೇಕು, ಕಾಯ್ದೆ ಗೊತ್ತಿಲ್ಲ ಅಂತ ಇನ್ನೊಂದು ಹತ್ತು ಹೆಜ್ಜಿ ರಿಯಾಯ್ತಿ ಕೊಟ್ಟೆ. ಬೇವಿನ ಗಿಡದ ಕೆಳಗ ನಿಂತು ಚಪ್ಪಲ್‌ದಾಗ ಹರಳು ಇಲ್ಲದಿದ್ರೂ ಜಾಡಿಸಿದೆ. ಕಿವಿ ಮಾತ್ರ ಹಿಂದೇ ಇತ್ತು. ರಸ್ತೆಗೆ ಬಂದುಬಿಟ್ಟೆ. ಅಷ್ಟೊತ್ತಿಗೆ ಹಿಂದಿಂದ ಜೋರಾಗಿ, "ಸಾವಕಾರ್ರ! ಓ ಸಾವಕಾರ್ರ! ನಿಂದ್ರಿ!"

ಬಂದ್ಯಾ ಮಗನೇ ಅನ್ಕೊಂಡೆ. ಒಮ್ಮೆಲೇ ತಿರುಗಬಾರದು, ಕಿಮ್ಮತ್ತು ಹೋಗ್ತದ. ಅದಕ್ಕ ಸಾವಕಾಶ ತಿರುಗಿದೆ. ಅಂವ ಓಡಿಕೊಂಡು ಬಂದು ಏದುಸಿರು ಬಿಟ್ಕೋತ ಹೇಳಿದ:

"ಚಷ್ಮಾ ಟೇಬಲ್ ಮ್ಯಾಲ ಬಿಟ್ಟು ಹೊಂಟೀರಿ ರೀ."

ದಾಡಿ ಮತ್ತು ಕೆಮ್ಮು

ಎರಡು ದಿನ ಬಿಟ್ಟು ಮಾರಿ ಗಟ್ಟಿ ಮಾಡ್ಕೊಂಡು ಮತ್ತ ಹೋದ್ರ ಆ ನೀಲಿ ಕಾರ್ ಮಾರಿಹೋಗಿತ್ತು. ಕೊಳಕೂರಿನ ಒಬ್ಬ ಮಾಸ್ತರ ಚೌಕಾಸಿನೇ ಮಾಡದ ಕೇಳಿದಷ್ಟು ಕೊಟ್ಟು ಒಯ್ದಿದ್ದ. ಇಂಥವರಿಂದ ದೇಶ ಕೆಟ್ಟದ ಅಂತ ಮನಿಯಾಗ ಹೇಳಿದೆ. ಮರುದಿನ ಆಸ್ಪತ್ರೆಗೆ ಹೋಗೋದಿತ್ತು, ಹೆಂಡತಿ ಬಸ್ಸಿಗೆ ಚಿಲ್ಲರೆ ತೆಗೆದಿಟ್ಟಳು.

ನಮ್ಮ ಅಂಗಡಿ ಎದುರಿಗೆ ಗಾಡಿ ರಿಪೇರಿ ಮಾಡುವ ಒಬ್ಬ ಮಿಸ್ತ್ರಿ ಇದ್ದಾನ. ಐವತ್ತೈದು ದಾಟ್ಯಾವ, ಬೆಳ್ಳನ ದಾಡಿ, ಹೊಟ್ಟಿಯಾಗ ಒಂದು ಮಾತು ನಿಲ್ಲಂಗಿಲ್ಲ. ಗಾಡಿ ಛಲೋ ಇದ್ರ ಮಾರುವವನ ಎದುರಿಗೇ "ಕ್ಯಾ ಮಸ್ತ್ ಗಾಡಿ!" ಅಂತ ಒದರಿಬಿಡ್ತಾನ. ಅದಕ್ಕ ಅಂವನ್ನ ಕರಕೊಂಡು ಇನ್ನೊಂದು ಕಾರ್ ನೋಡಲಿಕ್ಕೆ ಆಳಂದಕ್ಕ ಹೋಗುವಾಗ ಬಸ್ಸಿನಾಗ ತಾಕೀತ್ ಮಾಡಿದೆ: "ತುಟಿ ಪಿಟಕ್ ಅನ್ನಬ್ಯಾಡ. ಇಂಜಿನ್ ಛಲೋ ಇದ್ರ ದಾಡಿ ಸವರು. ಖರಾಬ್ ಇದ್ರ ಕೆಮ್ಮು. ತಿಳೀತಿಲ್ಲೋ?"

"ಬರೋಬರ್ ತಿಳೀತು ಸಾವಕಾರ್," ಅಂದ.

ಆಳಂದದಾಗ ಆಗ ತೊಗರಿ ರಾಶಿಯ ದಿನಗಳು. ಡೀಲರ್ ಜಾಗಾದ ಮಗ್ಗಲ ಹೊಲದಾಗೇ ಮಷೀನ್ ಹಚ್ಚಿದ್ರು. ಕಾರ್ ಮಟಕಿ ಊರಿನ ಒಬ್ಬ ರೈತಂದು, ಅಂವನೂ ಅಲ್ಲೇ ಕಟ್ಟಿ ಮ್ಯಾಲ ಕುಂತಿದ್ದ. ಮಿಸ್ತ್ರಿ ಬಾನೆಟ್ ಎತ್ತಿ ಒಳಗ ತಲಿ ಹಾಕಿದ. ಒಂದು ಗಳಿಗಿ ಆತು. ಖೊಳ್ ಅಂತ ಕೆಮ್ಮಿದ. ಮತ್ತ ಕೆಮ್ಮಿದ. ನಾಲ್ಕನೇ ಸಲ ಕೆಮ್ಮಿದಾಗ ಕಣ್ಣಾಗ ನೀರು ಬಂದಿದ್ದುವು. ಇಂಜಿನ್ ಅಷ್ಟು ಕೆಟ್ಟದ್ದು ಅಂತ ನಾ ತಿಳಕೊಂಡೆ.

"ಏನ್ರಿ, ಸತ್ತ ಇಂಜಿನ್ ಇಟ್ಕೊಂಡು ಮಾರಾಕತ್ತೀರಿ? ನಿಮಗ ದೇವರ ಅಂಜಿಕಿ ಇಲ್ಲೇನು?" ಅಂತ ನಾಲ್ಕು ಮಂದಿ ಎದುರಿಗೆ ಝಾಡಿಸಿ, ಮಿಸ್ತ್ರಿ ತೋಳು ಹಿಡಿದು ಎಳಕೊಂಡು ಬಂದು ಬಸ್ ಹತ್ತಿದೆ.

ಬಸ್ ಊರು ದಾಟಿದ ಮ್ಯಾಲ ಮಿಸ್ತ್ರಿ ಕೇಳಿದ, "ಸಾವಕಾರ್, ಅಂಥಾ ಇಂಜಿನ್ ನಾ ಐದು ವರ್ಷದಾಗ ನೋಡಿಲ್ಲ. ಎಕ್ದಮ್ ಫಸ್ಟ್ ಕ್ಲಾಸ್. ಯಾಕ ಬಿಟ್ಟು ಬಂದ್ರಿ?"

ನಾ ಬಸ್ಸಿನಾಗ ನಿಂತೇ ಡೀಲರಿಗೆ ಫೋನ್ ಹಚ್ಚಿದೆ. ಅಂವ ಹೇಳಿದ, "ಎಲ್ಲಿ ಕಾರ್ ರೀ? ನಿಮ್ಮ ಮಾತು ಕೇಳಿ ಆ ರೈತ ಭಾಳ ಬ್ಯಾಸರ ಮಾಡ್ಕೊಂಡ. ಖರಾಬ್ ಮಾಲು ಇನ್ನೊಬ್ಬರ ಕೊಳ್ಳಿಗೆ ಕಟ್ಟೋದು ಬ್ಯಾಡ ಅಂತ ಓಡಿಸ್ಕೊಂಡು ಮಟಕಿಗೆ ಹ್ವಾದ."

ಫೋನ್ ಇಟ್ಟು ಮಿಸ್ತ್ರಿ ಕಡೆ ತಿರುಗಿದೆ. "ನೀ ಕೆಮ್ಮಿದ್ಯಲ್ಲೋ!"

"ತೊಗರಿ ಧೂಳು ಸಾವಕಾರ್, ಕೆಮ್ಮಲಾರದ ಏನು ಮಾಡಲಿ?"

"ಹಂಗಾದ್ರ ದಾಡಿ ಯಾಕ ಸವರಲಿಲ್ಲ?"

ಅಂವ ಎರಡೂ ಕೈ ನನ್ನ ಮುಂದ ಹಿಡಿದ. ಮುಂಗೈ ತನಕ ಕರಿ ಆಯಿಲ್. "ಇಂದು ಶುಕ್ರವಾರ ಸಾವಕಾರ್. ನಮಾಜಿಗೆ ಅಂತ ಮುಂಜಾನೆನೇ ದಾಡಿ ತೊಳಕೊಂಡಿದ್ದೆ."

ಸೀರಿ

ಇದು ಸಣ್ಣ ಸಂಗತಿ, ಆದ್ರ ಇವತ್ತಿಗೂ ಮೈ ಉರೀತದ. ಚಷ್ಮಾ ತಂದುಕೊಟ್ಟನಲ್ಲ ಆ ಬಿಳಿ ಅಂಗಿ ಡೀಲರ್, ಅಂವ ಒಂದಿನ ಹೆಂಡತಿ ಕರಕೊಂಡು ನನ್ನ ಅಂಗಡಿಗೇ ಬಂದ. ಎರಡು ತಾಸು ಸೀರಿ ಬಿಚ್ಚಿಸಿದ್ರು. ಒಂದು ಇಷ್ಟ ಆತು. ಎರಡೂವರೆ ಸಾವಿರ ಅಂದೆ. ಅಂವ ಸಾವಿರದ ಎಂಟುನೂರು ಅಂದ. ಆಗಂಗಿಲ್ಲ ಅಂದೆ. ಅಂವ ಎದ್ದ.

ಇವತ್ತು ಸಿಕ್ಕೀ ಮಗನೇ, ಸತ್ರೂ ಕರಿಯಂಗಿಲ್ಲ ಅಂತ ಹಲ್ಲು ಕಚ್ಚಿ ಕುಂತೆ. ಅಂವ ಒಂದು ಹೆಜ್ಜಿ ಇಟ್ಟ. ಎರಡು ಇಟ್ಟ.

"ಬರ್ರಿ, ಬರ್ರಿ, ನಿಮ್ಮದೇ ಅಂಗಡಿ," ಅಂತ ಕೂಗಿಬಿಟ್ಟೆ. ಮೂವತ್ತು ವರ್ಷದ ಚಟ, ಬಾಯಿ ನನ್ನ ಮಾತು ಕೇಳಲಿಲ್ಲ. ಸಾವಿರದ ಎಂಟುನೂರು ಎಣಿಸಿ ಕೊಟ್ಟು, ಹೋಗುವಾಗ ಅಂವ ಸಮಾಧಾನ ಬ್ಯಾರೆ ಹೇಳಿದ: "ಕಾರಿನ ವ್ಯಾಪಾರ ನಿಮ್ಮ ಕೈಲೆ ಆಗಂಗಿಲ್ಲ ರೀ ಸಾವಕಾರ್ರ. ನಿಮ್ಮದು ಭಾಳ ಮೆತ್ತನ ಮನಸ್ಸು."

ರಸ್ತೆ ಬಲ್ಲ ಗಾಡಿ

ಎರಡು ತಿಂಗಳು ಹಿಂಗೇ ಹ್ವಾದವು. ಒಂದಿನ ವಾಪಸ್ ಬರುವಾಗ ಬಸ್ಸಿನಾಗ ಹೆಂಡತಿಗೆ ಕಣ್ಣು ಕತ್ತಲಿ ಬಂದು ಕುಸಿದಳು. ಕಂಡಕ್ಟರ್ ತನ್ನ ಸೀಟಿನ ಮ್ಯಾಲ ಕೂಡಿಸಿ ನೀರು ಕುಡಿಸಿದ. ಆಕಿ ಕಣ್ಣು ತೆರೆದವಳೇ ಸೆರಗು ಸರಿ ಮಾಡ್ಕೊಂಡು, "ಎಲ್ಲರಿಗೂ ತೊಂದ್ರಿ ಆತು," ಅಂದಳು. ಆ ರಾತ್ರಿ ನನಗ ಊಟ ಇಳೀಲಿಲ್ಲ.

ಮರುದಿನವೇ ಅಫಜಲಪುರಕ್ಕ ಹೋದೆ. ಈ ಸಲ ಆಟ ಬ್ಯಾಡ, ಇದ್ದದ್ದು ಇದ್ದಂಗ ಹೇಳಿ ಕಡಿಮಿ ಮಾಡಿಸ್ಕೋಬೇಕು ಅಂತ ನಿಶ್ಚಯ ಮಾಡಿದ್ದೆ. ಡೀಲರ್ ವಯಸ್ಸಾದವ, ಕೈಯಾಗ ತಸ್ಬಿ ಮಣಿ ತಿರುಗಿಸ್ಕೋತ ಕುಂತಿದ್ದ. ಡಯಾಲಿಸಿಸ್, ಬಸ್ಸು, ಕಂಡಕ್ಟರ್ ಎಲ್ಲಾ ಹೇಳಿದೆ. ಅಂವ ಕಣ್ಣು ಒರಸ್ಕೊಂಡ. ನನ್ನ ಕೈ ಹಿಡಿದು ಹೊರಗ ಕರಕೊಂಡು ಹೋಗಿ ಒಂದು ಬೂದಿ ಬಣ್ಣದ ಕಾರ್ ತೋರಿಸಿದ. ಹೊಸದರಂಗ ಇತ್ತು.

"ನಿಮ್ಮಂಥವರಿಗೇ ಅಂತ ಬಂದ ಗಾಡಿ ರೀ ಇದು," ಅಂದ. "ಎರಡೂವರೆಗೆ ಹೋಗುವ ಮಾಲು, ನಿಮಗ ಒಂದು ಎಪ್ಪತ್ತಕ್ಕ ಕೊಡ್ತೇನಿ."

ನಾ ಬಾಯಿ ತೆರೆಯೋದರೊಳಗ ಎಂಬತ್ತು ಸಾವಿರ ಇಳಿದಿತ್ತು. ಇಷ್ಟು ಸಸ್ತಾ ಯಾಕ ಅಂತ ಕೇಳಿದೆ. ಕೇಳಬಾರದಿತ್ತು.

"ಇದರ ಮಾಲಕನ ಹೆಂಡತಿಗೂ ಇದೇ ಬ್ಯಾನಿ ರೀ. ಅದಕ್ಕೇ ತಗೊಂಡಿದ್ದ. ಎಂಟು ತಿಂಗಳ ಹಿಂದ. ದವಾಖಾನಿ ಬಿಟ್ಟು ಎಲ್ಲೂ ಓಡಿಸಿಲ್ಲ. ಮೊನ್ನೆ ಆ ತಾಯಿ ತೀರಿಕೊಂಡ್ಲು, ನೋಡಲಿಕ್ಕೆ ಆಗಂಗಿಲ್ಲ ಅಂತ ಮಾರಾಕತ್ತಾನ." ಆಮ್ಯಾಲ ನನಗ ಧೈರ್ಯ ತುಂಬಲಿಕ್ಕೆ ಅಂತ ಬಾನೆಟ್ ತಟ್ಟಿ ಹೇಳಿದ, "ಕಲಬುರಗಿ ದವಾಖಾನಿ ರಸ್ತೆ ಇದಕ್ಕ ಬಾಯಿಪಾಠ ಆಗೇದ ರೀ. ನೀವು ಬರೇ ಕುಂತ್ರ ಸಾಕು."

ಜಲ್ಮದಾಗ ಮೊದಲನೇ ಸಲ ಕಡಿಮಿ ರೇಟಿಗೆ ಅಂಜಿ ಓಡಿಬಂದೆ. ಈ ಸಲ ಡೀಲರ್ ಗೇಟಿನ ತನಕ ಬೆನ್ನು ಹತ್ತಿ ಕರೆದ. ನಾ ತಿರುಗಿ ನೋಡಲಿಲ್ಲ.

ಮನಿಗೆ ಬಂದು ಹೆಂಡತಿ ಮುಂದ ಎರಡು ಸುಳ್ಳು ಹೇಳಿದೆ, ಆಕಿ ಎರಡನ್ನೂ ಹಿಡಿದಳು. ಖರೇ ಬಾಯಿ ಬಿಟ್ಟೆ. ಆಕಿ ಹಣಿ ಬಡ್ಕೊಂಡಳು.

"ಒಂದು ಎಪ್ಪತ್ತಕ್ಕ ಸಿಕ್ಕಿದ್ದು ಬಿಟ್ಟು ಬಂದ್ರ್ಯಾ? ಸತ್ತಾಕಿ ಏನು ಹಿಂದಿನ ಸೀಟಿನ ಮ್ಯಾಲ ಕುಂತಿರ್ತಾಳೇನ್ರಿ? ಕುಂತಿದ್ರ ಕುಂದ್ರಲಿ, ನನಗೂ ಮಾತಾಡ್ಲಿಕ್ಕೆ ಒಬ್ಬಾಕಿ ಆಗ್ತಿದ್ಲು!"

ಪಿಸುಮಾತು

"ಇನ್ನ ಮುಂದಿನ ಸಲ ನಾನೂ ಬರ್ತೇನಿ," ಅಂದಳು ಆಕಿ. ಬ್ಯಾಡ ಅಂದ್ರ ಕೇಳಲಿಲ್ಲ.

ಆಸ್ಪತ್ರೆಯಿಂದ ಬರುವಾಗ ಒಂದಿನ ಜೇವರ್ಗಿ ಇನ್ನೂ ಒಂದು ಏಳೆಂಟು ಕಿಲೋಮೀಟರ್ ಇರುವಾಗಲೇ ಬಸ್ ನಿಲ್ಲಿಸಿ ಇಳಿದೆವು. ಅಲ್ಲಿ ಹೈವೇ ಮಗ್ಗಲಿಗೆ ಹಳೇ ಕಾರಿನ ಒಂದು ದೊಡ್ಡ ಜಾಗಾ ಇತ್ತು. ಮಿಸ್ತ್ರಿ ಮೊದಲೇ ಬಂದು, ಕೈ ತೊಳಕೊಂಡು ನಿಂತಿದ್ದ. ಒಂದು ಬಿಳಿ ಕಾರ್ ಇತ್ತು. ಇಂಜಿನ್ ಛಲೋ ಅದ ಅಂತ ಮಿಸ್ತ್ರಿ ನನ್ನ ಕಿವಿಯಾಗ ಹೇಳಿದ. ಇದನ್ನ ಆಳಂದದಾಗೇ ಮಾಡಬಹುದಿತ್ತು ಅಂತ ಇಬ್ಬರಿಗೂ ಆಗ ಹೊಳೀತು.

"ನೀವು ಮಾತಾಡ್ರಿ, ನಾ ಹಿಂದ ಕುಂತು ಸೀಟು ನೋಡ್ತೇನಿ," ಅಂತ ಹೆಂಡತಿ ಕಾರಿನಾಗ ಹತ್ತಿ ಕುಂತಳು. ಡೀಲರ್ ದಪ್ಪ ಮನುಷ್ಯ, ದನಿ ಅಂತೂ ಮೈಕ್ ಬ್ಯಾಡ ಅನ್ನೂವಂಥದ್ದು. ನಾವಿಬ್ಬರೂ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಎದುರಾಬದರಾ ಕುಂತೆವು. ಅಂವ ಎರಡು ಇಪ್ಪತ್ತು ಅಂದ, ನಾ ಒಂದು ಎಂಬತ್ತು ಅಂದೆ. ಅಂವ ಒದರಿದ, ನಾನೂ ಒದರಿದೆ. ಅಂವ ಎರಡು ಐದಕ್ಕ ಇಳಿದ, ನಾ ಒಂದು ತೊಂಬತ್ತೈದಕ್ಕ ಹತ್ತಿದೆ. ಅಲ್ಲಿಗೆ ಇಬ್ಬರ ರೇಟೂ ನಿಂತುವು. ನನ್ನ ಕಾಲು ತಾವೇ ಎದ್ದುವು. ಗೇಟಿನ ಕಡೆ ಒಂದು ಹೆಜ್ಜಿ, ಎರಡು ಹೆಜ್ಜಿ...

"ಸಾವಕಾರ್ರ," ಅಂದ ಅಂವ. ಮೂರನೇ ಹೆಜ್ಜಿ ಇನ್ನೂ ನೆಲಕ್ಕ ಊರಿರಲಿಲ್ಲ! ನನಗ ಕುಣೀಬೇಕು ಅನ್ನಿಸ್ತು. ತಿರುಗಿ ನೋಡಿದ್ರ ಅಂವ ಕಾರಿನ ಕಡೆ ಬೆರಳು ಮಾಡಿ, ದನಿ ಇಳಿಸಿ ಕೇಳಿದ, "ಅಕ್ಕಾರ್ನ ಎಬ್ಬಿಸ್ಕೊಂಡು ಹೋಗ್ತೀರೋ, ಹೆಂಗ?"

ಆಕಿ ಹಿಂದಿನ ಸೀಟಿಗೆ ತಲಿ ಆನಿಸಿ ಮಲಗಿದ್ದಳು. ಸೆರಗು ಅರ್ಧ ಮಾರಿ ಮುಚ್ಚಿತ್ತು. ಕಾಲು ಸೆಳೆತ, ಮೈ ತುರಿಕಿ ಅಂತ ಆಕಿ ನೆಟ್ಟಗ ನಿದ್ದಿ ಮಾಡಿ ಎಷ್ಟು ತಿಂಗಳಾಗಿತ್ತೋ. ಅಷ್ಟು ಸಮಾಧಾನದ ಮಾರಿ ನಾ ಭಾಳ ದಿನದಿಂದ ನೋಡಿರಲಿಲ್ಲ. ಎಬ್ಬಿಸಿ ಮತ್ತ ಬಸ್ಸಿಗೆ ನಿಲ್ಲಿಸಲಿಕ್ಕೆ ನನ್ನ ಕೈಲೆ ಆಗಲಿಲ್ಲ. ತುದಿಗಾಲ ಮ್ಯಾಲ ವಾಪಸ್ ಬಂದು ಕುರ್ಚಿ ಮ್ಯಾಲ ಕುಂತೆ.

"ಒಂದು ತೊಂಬತ್ತೈದು," ಅಂತ ಪಿಸುಗುಟ್ಟಿದೆ.

"ಎರಡು ಐದು," ಅಂತ ಅಂವ ಪಿಸುಗುಟ್ಟಿದ.

ರಸ್ತೆ ಮ್ಯಾಲ ಒಂದು ಲಾರಿ ಹಾರ್ನ್ ಹೊಡೀತು. ಡೀಲರ್, ನಾನು, ಮಿಸ್ತ್ರಿ ಮೂರೂ ಮಂದಿ ಆ ಲಾರಿಗೆ ಕೈ ಎತ್ತಿ ಬೈದೆವು, ದನಿ ಮಾತ್ರ ಹೊರಡಿಸಲಿಲ್ಲ. ಪಿಸುಮಾತಿನಾಗ ಚೌಕಾಸಿ ಆಗಂಗಿಲ್ಲ ಅನ್ನೂದು ಅವತ್ತು ಗೊತ್ತಾತು. ದನಿ ಏರಿಸಲಾರದ ಸುಳ್ಳು ಹೇಳಲಿಕ್ಕೆ ಬರಂಗಿಲ್ಲ. ಎರಡು ಐದಕ್ಕ ಹೂಂ ಅಂದುಬಿಟ್ಟೆ. ಕಡಿಮಿ ಬಿದ್ದ ಐದು ಸಾವಿರ ಮಿಸ್ತ್ರಿ ತನ್ನ ಫೋನಿನಿಂದ ಕಳಿಸಿದ. ಅಂವ ಬೈಕ್ ಹತ್ತಿ ಮುಂದ ಹ್ವಾದ, ನಾ ಸಾವಕಾಶ ಬಾಗಿಲಾ ಹಾಕಿ ಗಾಡಿ ಚಾಲೂ ಮಾಡಿದೆ.

ಒಂದೆರಡು ಕಿಲೋಮೀಟರ್ ಬಂದಿರಬೇಕು. ಹಿಂದಿಂದ ದನಿ ಬಂತು.

"ಎಷ್ಟಕ್ಕ ಮುಗೀತು?"

"ಎರಡು ಐದು," ಅಂದೆ. "ಇನ್ನೊಂದು ಹೆಜ್ಜಿ ಹಾಕಿದ್ರ ಹತ್ತು ಸಾವಿರ ಇಳೀತಿದ್ದ. ನಿನಗ ಛಲೋ ನಿದ್ದಿ ಹತ್ತಿತ್ತು, ಎಬ್ಬಿಸಲಿಕ್ಕೆ ಮನಸ್ಸಾಗಲಿಲ್ಲ."

"ನಿದ್ದಿ ಯಾರು ಮಾಡಿದ್ರು?"

ನಾ ಕನ್ನಡಿಯೊಳಗ ನೋಡಿದೆ. ಆಕಿ ಕಣ್ಣು ಬಿಟ್ಕೊಂಡು ಕಿಟಕಿ ಹೊರಗ ನೋಡಾಕತ್ತಿದ್ದಳು.

"ನೀವು ಕುರ್ಚಿ ಬಿಟ್ಟು ಏಳೋದು ಕಂಡಿತು, ಕಣ್ಣು ಮುಚ್ಚಿದೆ. ಮತ್ತೇನು ಮಾಡ್ಲಿ? ನೀವು ಎದ್ದು ಹೋಗೋದು, ಅವರು ಕರೀದೇ ಇರೋದು, ನಾ ಮತ್ತ ಬಸ್ಸಿಗೆ ನಿಲ್ಲೋದು. ನಿಮ್ಮ ಚೌಕಾಸಿ ಮುಗಿಯೋ ತನಕ ನಾ ಇರಬೇಕಲ್ಲರೀ."

ನನಗ ನಗು ಬಂತು, ಅದರ ಹಿಂದೇ ಅಳು ಬಂತು, ರಸ್ತೆ ಮಂಜುಮಂಜಾತು. ಏನರೆ ಹೇಳಬೇಕು ಅಂತ ಬಾಯಿ ತೆರೆದೆ. ಆಕಿ ಕಾಲು ಚಾಚಿ, ಚೀಲ ತಲಿಗೆ ಇಟ್ಕೊಂಡು ಪೂರಾ ಸೀಟಿನ ಮ್ಯಾಲ ಮಲಗಿದಳು.

"ಈಗ ಖರೇನೇ ನಿದ್ದಿ ಬರಾಕತ್ತದ," ಅಂದಳು. "ಮಾತಾಡಬ್ಯಾಡ್ರಿ. ಹಾರ್ನೂ ಹೊಡೀಬ್ಯಾಡ್ರಿ."

ಮುಂದ ಕಬ್ಬು ಹೇರಿದ ಒಂದು ಟ್ರ್ಯಾಕ್ಟರ್ ಹೊಂಟಿತ್ತು. ನಾ ಹಾರ್ನ್ ಹೊಡೀಲಿಲ್ಲ, ಊರು ಬರೂ ತನಕ ಅದರ ಹಿಂದೇ ಹೋದೆ.