ಬಾನೆಟ್ಟಿಲ್ಲದ ಕಾರು, ಬಾಣಂತಿ ಹೆಂಡತಿ

ನಗೆಪಾಟಲಿಗೆ ನಮ್ಮ ಮನೆಯ ದಾರಿ ಚೆನ್ನಾಗಿ ಗೊತ್ತು. ನಾನು ಎಷ್ಟು ತಪ್ಪಿಸಿಕೊಂಡರೂ ಹುಡುಕಿಕೊಂಡು ಬಂದೇ ಬರುತ್ತದೆ. ಇದಕ್ಕೆ ಕಾರಣ ನಾನು ಕೂತಲ್ಲಿ ಕೂರುವ ಮನುಷ್ಯನಲ್ಲದಿರುವುದು. "ಇವನ ಕೈಗೆ ಕೆಲ್ಸ ಇಲ್ದಿದ್ರೆ ತನ್ನ ಕಿರುಬೆರಳನ್ನೇ ಬಿಚ್ಚಿ ನೋಡ್ತಾನೆ" ಎಂದು ನಮ್ಮವ್ವ ಹೇಳುತ್ತಿದ್ದಳು. ಹಾಸನದ ಒಂದು ಬಸ್ ಶೆಡ್ಡಿನಲ್ಲಿ ನಾನು ಫಿಟ್ಟರ್ ಆಗಿದ್ದೆ. ಯುದ್ಧದ ಕಾಲ. ಪೆಟ್ರೋಲಿಗೆ ಕೂಪನ್ನು, ಬಸ್ಸಿಗೆ ಇದ್ದಿಲು. ಬಸ್ಸಿನ ಹಿಂದುಗಡೆ ಒಂದು ದೊಡ್ಡ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಹೊಗೆಯಲ್ಲೇ ಬಸ್ಸು ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎನ್ನುವುದು ಬರಿಯ ಮರ್ಯಾದೆಯ ಮಾತು. ನನ್ನಂಥ ಆತುರಗಾರನಿಗೆ ಅದನ್ನು ನೋಡಿಕೊಂಡಿರುವುದೇ ಒಂದು ಶಿಕ್ಷೆಯಾಗಿತ್ತು.

ಮಾವ ತಳ್ಳಿದ ಬಸ್ಸು

ನನ್ನ ಹೆಂಡತಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆಗೆ ಕರೆದುಕೊಂಡು ಹೋಗಲು ಕೊಣನೂರಿನಿಂದ ಮಾವ ಬಂದರು. ನಮ್ಮ ಶೆಡ್ಡಿನ ಬಸ್ಸಿನಲ್ಲೇ ಮುಂದಿನ ಸೀಟು ಹಿಡಿದು ಕೂರಿಸಿ, ಅರಕಲಗೂಡಿನ ತನಕ ನಾನೂ ಹೊರಟೆ. ಕಟ್ಟಾಯದ ಕಡೆ ಒಂದು ದಿಣ್ಣೆ ಬಂತು. ಬಸ್ಸು ಅರ್ಧ ಹತ್ತಿ, ಏದುಸಿರು ಬಿಟ್ಟು ನಿಂತುಬಿಟ್ಟಿತು.

"ಎಲ್ರೂ ಇಳೀರಿ, ತಳ್ಳಿ" ಎಂದ ಕಂಡಕ್ಟರ್.

ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಿಸಿಲಿನಲ್ಲಿ ದಿಣ್ಣೆ ಹತ್ತಿದಳು. ಮಾವ ಬಿಳಿ ರುಮಾಲು ಕಟ್ಟಿದ್ದವರು, ಪಾಪ, ಆ ಡ್ರಮ್ಮಿನ ಪಕ್ಕದಲ್ಲೇ ಹೆಗಲು ಕೊಟ್ಟರು. ಮೇಲೆ ತಲುಪುವ ಹೊತ್ತಿಗೆ ಅವರ ರುಮಾಲು, ಮುಖ, ಮೀಸೆ ಎಲ್ಲಾ ಒಂದೇ ಬಣ್ಣಕ್ಕೆ ಬಂದಿದ್ದವು.

"ಅಳಿಯ ಬಸ್ ಶೆಡ್ಡಲ್ಲವ್ನೆ ಅಂತ ಮಗಳ ಕೊಟ್ಟೆ" ಎಂದರು ಮಾವ, ಇಡೀ ಬಸ್ಸಿಗೆ ಕೇಳುವ ಹಾಗೆ. "ಬಸ್ ತಳ್ಳಾಕೆ ಮಾವನೂ ಬೇಕು ಅಂತ ಯಾರೂ ಏಳ್ನಿಲ್ಲ."

ಬಸ್ಸಿಗೆ ಬಸ್ಸೇ ನಕ್ಕಿತು. ನನಗೆ ಮೈ ಉರಿದುಹೋಯಿತು. "ಮಾವ, ಐದನೇ ತಿಂಗಳಿಗೆ ಬಾಣಂತೀನ ಕರ್ಕೊಂಡ್ ಓಗಾಕೆ ನನ್ನ ಸ್ವಂತ ಕಾರಲ್ಲಿ ಬತ್ತೀನಿ. ಕೊಣನೂರಲ್ಲಿ ಕಾರ್ ಅತ್ತಿದ್ರೆ ಹಾಸನದವರ್ಗೂ ನಿಮ್ಮ ಮಗಳು ನೆಲಕ್ಕೆ ಕಾಲಿಡಂಗಿಲ್ಲ" ಎಂದುಬಿಟ್ಟೆ.

"ಕಾರ್ ತನ್ನಿ, ಕಳುಸ್ತೀನಿ. ಬರೀ ಕೈಲಿ ಬಂದ್ರೆ ಉಂಡ್ಕೊಂಡು ವಾಪಸ್ ಓಗಿ" ಎಂದರು ಮಾವ. ಅವರು ಆಡಿದ ಮಾತಿಗೆ ತಪ್ಪುವವರಲ್ಲ. ಹೆಂಡತಿ ಮನೆಗೆ ಬರಬೇಕಾದರೆ ಈಗ ಕಾರು ಬೇಕಾಯಿತು.

ಮಾವ ಅದೇ ಮುಖದಲ್ಲಿ ಊರಿಗೆ ಹೋದರು. ಅವರ ಮನೆಯ ನಾಯಿ ಅವತ್ತು ಅವರನ್ನು ಒಳಕ್ಕೆ ಬಿಡಲಿಲ್ಲವಂತೆ.

ಕಾವಿಗೆ ಕೂತ ಕೋಳಿ

ಮಾತೇನೋ ಕೊಟ್ಟೆ, ಕಾರು ಎಲ್ಲಿಂದ ತರಲಿ? ಅಷ್ಟರಲ್ಲಿ ಒಬ್ಬ ಕಾಫಿ ತೋಟದ ದೊರೆಯ ಗಾಡಿ ರಿಪೇರಿಗೆ ಬಂತು. ಅದರೊಳಗೆ ಒಂದು ಇಂಗ್ಲಿಷ್ ಪತ್ರಿಕೆ ಬಿದ್ದಿತ್ತು. ಓದಲು ನನಗೆ ಬರುತ್ತಿರಲಿಲ್ಲ, ಚಿತ್ರ ಸಾಕಾಯಿತು. ಹಳೇ ಕಾರೊಂದರ ಬಾನೆಟ್, ಮಡ್‌ಗಾರ್ಡ್, ಬಾಗಿಲು, ಟಾಪು ಎಲ್ಲ ಕಿತ್ತೆಸೆದು, ಇಂಜಿನ್ ಬತ್ತಲೆ ಬಿಟ್ಟು, ಒಬ್ಬ ಹುಡುಗ ಹಲ್ಲು ಕಿರಿದುಕೊಂಡು ಕೂತಿದ್ದ. ಹಗುರಾದಷ್ಟೂ ಜೋರು ಓಡುತ್ತದೆ, ಇಷ್ಟೇ ತಾನೆ ಲೆಕ್ಕಾಚಾರ! ಆ ಹಾಳೆ ಹರಿದು ಜೇಬಿಗಿಟ್ಟುಕೊಂಡೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅರಕಲಗೂಡಿನಲ್ಲಿ ದೊಡ್ಡ ಮೀಸೆಯ ಗೌಡರೊಬ್ಬರ ಹಿತ್ತಲಿನಲ್ಲಿ ಹಳೇ ಕಾರಿನ ಬಾಡಿ ಬಿದ್ದಿತ್ತು. ಇಂಜಿನ್ ಯಾವ ಕಾಲದಲ್ಲೋ ಮಾರಿಹೋಗಿತ್ತು. ಉಳಿದದ್ದರಲ್ಲಿ ಗೌಡತಿ ಕೋಳಿ ಸಾಕಿದ್ದರು. "ತಗೊಂಡ್ ಓಗು, ಇತ್ತಲು ಖಾಲಿ ಆಯ್ತದೆ" ಎಂದರು ಗೌಡರು. ಎತ್ತು ಕಟ್ಟಿ ಎಳೆದುಕೊಂಡು ಹೋಗಲು ತಯಾರಾದೆ. ಗೌಡತಿ ಅಡ್ಡ ನಿಂತರು.

"ಇಂದಿನ ಸೀಟಲ್ಲಿ ಕೋಳಿ ಕಾವಿಗೆ ಕೂತದೆ. ಕಾವಿಗೆ ಕೂತಿರೋದನ್ನ ಎಬ್ಬುಸ್ಬಾರ್ದು ಕಣಪ್ಪ. ಇಪ್ಪತ್ತೊಂದು ದಿನ ಕಳೀಲಿ, ಆಮ್ಯಾಕೆ ಬಾ."

ಇಪ್ಪತ್ತೊಂದು ದಿನ! ನಾನು ಇಪ್ಪತ್ತೊಂದು ನಿಮಿಷ ಕಾಯುವವನಲ್ಲ. ಕೋಳಿಯ ಮುಂದೆ ಒಂದು ಗಳಿಗೆ ಕುಕ್ಕರಗಾಲಿನಲ್ಲಿ ಕೂತು ಅದನ್ನು ನೋಡಿದೆ. ಅದೂ ನನ್ನನ್ನು ನೋಡಿತು. ಅದಕ್ಕೆ ಯಾವ ಆತುರವೂ ಇರಲಿಲ್ಲ. ಕೊನೆಗೆ ಸ್ಪ್ಯಾನರ್ ತೆಗೆದು ಸೀಟಿನ ಬೋಲ್ಟ್ ಬಿಚ್ಚಿದೆ. ಕೋಳಿ, ಮೊಟ್ಟೆ ಸಮೇತ ಸೀಟನ್ನು ಮೆಲ್ಲಗೆ ಇಳಿಸಿ, ಹುಣಸೆ ಮರದಡಿ ಇಟ್ಟುಬಿಟ್ಟೆ. ಇದರಿಂದ ಭಾರವೂ ಕಮ್ಮಿಯಾಯಿತು. ಗೌಡತಿಗೆ ಬಲು ಸಂತೋಷವಾಗಿ ನನಗೊಂದು ಲೋಟ ಮಜ್ಜಿಗೆ ಕೊಟ್ಟರು.

ಎತ್ತುಗಳು ಬಾಡಿಯನ್ನು ಬೀದಿಗೆ ಎಳೆದಾಗ ಗೌಡರು ಜಗಲಿಯ ಮೇಲೆ ನಿಂತು ಸಾರಿದರು: "ಎತ್ತಿಲ್ದಂಗೆ ಈ ಬಾಡಿ ಇನ್ನೊಂದ್ ಸಲ ಈ ಜಗಲಿ ಮುಂದೆ ಬಂದ್ರೆ ನನ್ನ ಮೀಸೆ ಬೋಳುಸ್ತೀನಿ ಕಣ್ಲಾ!"

ರಾಗಿ ಬೀಸುವ ಇಂಜಿನ್ನು

ಇಂಜಿನ್ ಸಿಕ್ಕಿದ್ದು ಚನ್ನರಾಯಪಟ್ಟಣದ ಒಂದು ಹಿಟ್ಟಿನ ಗಿರಣಿಯಲ್ಲಿ. ಅದು ಮೂಲದಲ್ಲಿ ಕಾರಿನದೇ ಇಂಜಿನ್. ಕಾರು ಸತ್ತ ಮೇಲೆ ಹತ್ತಾರು ವರ್ಷ ರಾಗಿ ಬೀಸಿತ್ತು. ಗಿರಣಿಯವರು ಬೇರೆ ಇಂಜಿನ್ ತರಿಸಿದ್ದರಿಂದ ಇದು ಮೂಲೆ ಸೇರಿತ್ತು. ನಾನು ಅವರ ಹೊಸದನ್ನು ಕೂರಿಸಿಕೊಟ್ಟು, ಕೂಲಿಗೆ ಬದಲಾಗಿ ಹಳೆಯದನ್ನು ಹೊತ್ತು ತಂದೆ.

ನಮ್ಮ ಮನೆಯ ಮುಂದೆ, ಚಿತ್ರದಲ್ಲಿದ್ದ ಹಾಗೆ ಬಾನೆಟ್, ಬಾಗಿಲು, ಮಡ್‌ಗಾರ್ಡ್ ಎಲ್ಲ ಕಿತ್ತ ಬಾಡಿಗೆ ಅದನ್ನು ಕೂರಿಸಿದೆ. ಚಿತ್ರದಲ್ಲಿ ಸೈಲೆನ್ಸರ್ ಕಾಣುತ್ತಿರಲಿಲ್ಲ, ನಾನೂ ಹಾಕಲಿಲ್ಲ. ಒಂದು ಬೆಳಗ್ಗೆ ಸೀಸೆಯಿಂದ ಒಂದಿಷ್ಟು ಪೆಟ್ರೋಲು ಬಿಟ್ಟು, ಹ್ಯಾಂಡಲ್ ಹಾಕಿ ತಿರುಗಿಸಿದೆ. ನಾಲ್ಕನೇ ಸಲಕ್ಕೆ ಇಂಜಿನ್ ಹಿಡಿಯಿತು. ಮೊದಲು ಎಲ್ಲೆಲ್ಲಿಂದಲೋ ರಾಗಿ ಹಿಟ್ಟು ಹಾರಿ ನನ್ನ ಮುಖಕ್ಕೆ ಬಡಿಯಿತು. ಆಮೇಲೆ ಸದ್ದು ಶುರುವಾಯಿತು. ಏನು ಸದ್ದು! ನನಗೆ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೋ ಹಿಟ್ಟಿಗೋ ಗೊತ್ತಾಗಲಿಲ್ಲ.

ಹತ್ತು ನಿಮಿಷ ಬಿಟ್ಟು ತಿರುಗಿ ನೋಡಿದರೆ, ನಮ್ಮ ಬೀದಿಯ ಐದಾರು ಹೆಂಗಸರು ಕುಕ್ಕೆಯಲ್ಲಿ ರಾಗಿ ತುಂಬಿಕೊಂಡು ಸಾಲಾಗಿ ನಿಂತಿದ್ದಾರೆ.

"ಗಿರಣಿ ಅಲ್ಲ ಕಣವ್ವ, ಕಾರು" ಎಂದೆ.

ಮುಂದಿದ್ದ ಅಜ್ಜಿ ಇಂಜಿನ್ನನ್ನೂ ಹಿಟ್ಟು ಮೆತ್ತಿದ ನನ್ನ ಮುಖವನ್ನೂ ನೋಡಿ, "ಸುಳ್ಳ್ಯಾಕ್ ಏಳೀಯಪ್ಪ? ನಿಮ್ಮನೇದು ಬೀಸ್ಕೊಂಡು ನಮ್ದು ಆಗಕಿಲ್ಲ ಅಂದ್ರೆ ಎಂಗೆ?" ಎಂದು ಕುಕ್ಕೆ ಕೆಳಗಿಟ್ಟು ಕೂತೇಬಿಟ್ಟಳು.

ಹಂಡೆ

ಹೆಣ್ಣು ಮಗು ಹುಟ್ಟಿತೆಂದು ಕೊಣನೂರಿನಿಂದ ಕಾಗದ ಬಂತು. ನೋಡಿಕೊಂಡು ಬರಲು ಬರಿಗೈಯಲ್ಲಿ ಹೋಗುವುದು ಹೇಗೆ? ಹಟ ಹಿಡಿದು ಹೋಗಲಿಲ್ಲ. ಮಗುವಿನ ಮುಖ ನೋಡದೆ ಒದ್ದಾಡಿಬಿಟ್ಟೆ. ಒದ್ದಾಟವೆಲ್ಲ ಕಾರಿನ ಮೇಲೆ ಹೋಯಿತು. ದಿನಕ್ಕೊಂದು ಸಾಮಾನು ಕೂರಿಸುತ್ತಿದ್ದೆ, ರಾತ್ರಿ ಅದು ಭಾರವಾಯಿತೆಂದು ಬಿಚ್ಚುತ್ತಿದ್ದೆ.

ಪೆಟ್ರೋಲ್ ಟ್ಯಾಂಕು ಮಾತ್ರ ಇರಲಿಲ್ಲ. ಹೊಳೆನರಸೀಪುರದಲ್ಲಿ ತಾಮ್ರದ ಪಾತ್ರೆ ಬಡಿಯುವ ಒಬ್ಬ ಮುದುಕರಿದ್ದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಕಾರ ಬರೆದು, ಹೀಗಿರಬೇಕು, ಕೆಳಗೊಂದು ನಲ್ಲಿ ಇರಬೇಕು ಎಂದು ತೋರಿಸಿದೆ. ಅವರು ತಲೆಯಾಡಿಸಿದರು. ವಾರ ಬಿಟ್ಟು ಹೋದರೆ ಥಳಥಳ ಹೊಳೆಯುವ ಗುಂಡಗಿನ ಹಂಡೆಯೊಂದು ಕೂತಿತ್ತು. ಮುಚ್ಚಳ, ಹಿಡಿದೆತ್ತಲು ಎರಡು ಬಳೆ, ಅರಿಶಿನ ಕುಂಕುಮ. ಕೆಳಗೆ ನಲ್ಲಿ.

"ಯಜಮಾನ್ರೇ, ನಾನು ಏಳಿದ್ದು ಚೌಕ" ಎಂದೆ.

"ಮೂರು ತಲೆಮಾರಿಂದ ಗುಂಡಗೇ ಬಡ್ಕೊಂಡ್ ಬಂದಿದೀವಿ. ನಿನ್ನೊಬ್ಬನಿಗೋಸ್ಕರ ಮೂಲೆ ಎಲ್ಲಿಂದ ತರಾದು?"

ಇನ್ನೊಂದು ಮಾಡಿಸಲು ಪುರುಸೊತ್ತಿಲ್ಲ. ಪೆಟ್ರೋಲು ತಾನಾಗಿ ಇಳಿಯಬೇಕಾದರೆ ಹಂಡೆ ಇಂಜಿನ್ನಿಗಿಂತ ಎತ್ತರದಲ್ಲಿರಬೇಕು. ಡ್ರೈವರ್ ಪಕ್ಕದ ಸೀಟು ಕಿತ್ತು, ಅಲ್ಲೊಂದು ಮಣೆ ಬಿಗಿದು, ಅದರ ಮೇಲೆ ಕೂರಿಸಿದೆ. ಚಿತ್ರ ತೆಗೆದು ಹೋಲಿಸಿ ನೋಡಿದೆ. ಹಂಡೆಯೊಂದು ಬಿಟ್ಟರೆ ಎಲ್ಲ ಹಾಗೇ ಇತ್ತು.

"ಕಾರು ಓಡ್ನಿಲ್ಲ ಅಂದ್ರೆ ಬೇಜಾರ್ ಮಾಡ್ಕೋಬೇಡ" ಎಂದಿದ್ದರು ಮುದುಕರು. "ಬಚ್ಚಲಿಗೆ ಆಯ್ತದೆ."

ಏನೇನು ಕಳುವಾಗಿದೆ?

ಅವರಿವರ ಕೂಪನ್ನು ಬೇಡಿ ತಂದ ಪೆಟ್ರೋಲನ್ನು ಹಂಡೆಗೆ ತುಂಬಿ, ಓಡಿಸಿ ನೋಡಲು ಚನ್ನರಾಯಪಟ್ಟಣದ ರಸ್ತೆ ಹಿಡಿದೆ. ಕಾರು ಹಾರಿತು, ಸ್ವಾಮಿ! ಗಾಳಿಗೆ ಕಣ್ಣು ಬಿಡಲಾಗಲಿಲ್ಲ. ಮುಂದೆ ಹೋಗುತ್ತಿದ್ದ ನಮ್ಮ ಶೆಡ್ಡಿನದೇ ಇದ್ದಿಲು ಬಸ್ಸನ್ನು ದಾಟಿ, ಹಿಂದಿರುಗಿ ನೋಡಿ, ಹಲ್ಲು ಕಿರಿದೆ. ಥೇಟ್ ಆ ಚಿತ್ರದ ಹುಡುಗನ ಹಾಗೆ. ಶಾಂತಿಗ್ರಾಮದ ಹತ್ತಿರ ಇಂಜಿನ್ ಕಾದು ನಿಂತುಹೋಯಿತು. ಅಲ್ಲೊಬ್ಬ ಪೊಲೀಸ್ ದಫೇದಾರರು ಸೈಕಲ್ಲಿನಿಂದ ಇಳಿದು ಬಂದರು. ಕಾರಿಗೆ ನಂಬರ್ ಇಲ್ಲ, ದೀಪ ಇಲ್ಲ, ಹಾರನ್ ಇಲ್ಲ.

ದಫೇದಾರರು ಕಾರನ್ನು ಒಂದು ಸುತ್ತು ಹಾಕಿದರು. ಅವರ ಮುಖ ಬಾಡಿತು. ನನ್ನ ಹೆಗಲ ಮೇಲೆ ಕೈಯಿಟ್ಟರು.

"ಅಯ್ಯೋ ಪಾಪ! ಯಾವಾಗ ಆಯ್ತು?"

"ಏನು ಸಾ?"

"ಬಾಗ್ಲು ಬಿಟ್ಟಿಲ್ಲ, ಮಡ್‌ಗಾರ್ಡ್ ಬಿಟ್ಟಿಲ್ಲ, ಸೀಟ್ ಕೂಡ ಒಂದೇ ಬಿಟ್ಟವ್ರೆ, ಕಳ್ ನನ್ಮಕ್ಕಳು. ಎದ್ರುಕೋಬೇಡ. ಒಂದೊಂದಾಗಿ ಏಳು, ಬರ್ಕೋತೀನಿ."

ನಾನು ನಿಜ ಹೇಳಿದರೆ ಕಾರು ಠಾಣೆಗೆ ಹೋಗುತ್ತದೆ. ಸುಮ್ಮನೆ ತಲೆ ತಗ್ಗಿಸಿದೆ. ಅವರೇ ನೋಡಿ ನೋಡಿ ಒಂದು ಪುಟ ಬರೆದರು. ಅಷ್ಟರಲ್ಲಿ ಇದ್ದಿಲು ಬಸ್ಸು ಕೆಮ್ಮುತ್ತಾ ಬಂದು ನಮ್ಮನ್ನು ದಾಟಿತು. ಅದರ ಡ್ರೈವರ್ ತಲೆ ಹೊರಗೆ ಹಾಕಿ ನನಗಿಂತ ದೊಡ್ಡದಾಗಿ ಹಲ್ಲು ಕಿರಿದ.

ದಫೇದಾರರು ಕೊನೆಗೆ ಹಂಡೆಯ ಮುಂದೆ ನಿಂತು ಯೋಚಿಸಿದರು. "ಇದೊಂದ್ ಯಾಕೆ ಬುಟ್ಟೋದ್ರೋ ಗೊತ್ತಾಗ್ನಿಲ್ಲ. ಕಾರಲ್ಲಿ ಬೆಲೆಬಾಳೋದು ಇದೊಂದೇ."

ಕೊಣನೂರಿನಿಂದ ಅರಕಲಗೂಡಿಗೆ

ಐದನೇ ತಿಂಗಳು ಮುಗಿಯುತ್ತಾ ಬಂತು. ಗುರುವಾರ ಕೊನೆಯ ದಿನ. ಶುಕ್ರವಾರ ಮನೆಮಗಳನ್ನು ಕಳಿಸುವುದಿಲ್ಲ, ಶನಿವಾರದಿಂದ ಆಷಾಢ. ಗುರುವಾರ ತಪ್ಪಿದರೆ ಶ್ರಾವಣದ ತನಕ ಹೆಂಡತಿಯೂ ಇಲ್ಲ, ಮಗುವೂ ಇಲ್ಲ. ಬೆಳಕು ಹರಿಯುವ ಮುಂಚೆಯೇ ಹೊರಟೆ. ಅರಕಲಗೂಡಿನಲ್ಲಿ ಬೇಕೆಂದೇ ಗೌಡರ ಜಗಲಿ ಮುಂದೆ ಹೋದೆ. ಜಗಲಿ ಖಾಲಿ. ನಿಲ್ಲಿಸಿದರೆ ಮತ್ತೆ ಹಿಡಿಯುವ ಖಾತ್ರಿಯಿಲ್ಲ, ಹಾಗೇ ನಡೆಸಿದೆ.

ಕೊಣನೂರಿನ ಬೀದಿಗೆ ನುಗ್ಗಿದ್ದೇ ತಡ, ಮಾವನ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಒಳಗಿನಿಂದ ಮಗು ಕಿಟಾರನೆ ಕಿರುಚಿತು. ಮಗಳು ನನ್ನನ್ನು ಬರಮಾಡಿಕೊಂಡದ್ದು ಹಾಗೆ. ಅತ್ತೆ ಹೊರಗೆ ಬಂದವರು ಹಂಡೆ ನೋಡಿ, "ಅಳಿಯಂದ್ರು ಮಗೀನ ನೀರಿಗೆ ಅಂಡೆ ತಂದವ್ರೆ!" ಎಂದು ಬಳೆಗೆ ಕೈ ಹಾಕಿದರು. ಬೇಡ ಬೇಡವೆಂದು ಬಿಡಿಸುವಷ್ಟರಲ್ಲಿ ಸಾಕಾಯಿತು.

ಮಾವ ಬಂದು ನೋಡಿದರು. "ಕಾರ್ ತಂದವ್ರೆ. ಕಳುಸ್ಬೇಕು" ಎಂದರು. ನನ್ನ ಎದೆ ಉಬ್ಬಿತು. ಊಟವಾಯಿತು, ಮಡಿಲಕ್ಕಿ ತುಂಬಿದರು, ತೊಟ್ಟಿಲು ತಂದಿಟ್ಟರು. ತವರಿನ ತೊಟ್ಟಿಲು ಬಾಣಂತಿಯ ಜೊತೆಯಲ್ಲೇ ಹೋಗಬೇಕು. ಹೆಂಡತಿ ಮಗುವನ್ನು ಎತ್ತಿಕೊಂಡು ಕಾರಿನ ಹತ್ತಿರ ಬಂದಳು. ಈ ಕಡೆಯಿಂದ ನೋಡಿದಳು, ಆ ಕಡೆಯಿಂದ ನೋಡಿದಳು.

"ನಾನ್ ಎಲ್ಲಿ ಕೂತ್ಕೊಳ್ಲಿ?"

ತಿಂಗಳುಗಟ್ಟಲೆ ಹಗಲೂ ರಾತ್ರಿ ನೋಡಿದ್ದ ಕಾರನ್ನು ಅವತ್ತು ಮೊದಲ ಸಲ ನೋಡಿದೆ. ಒಂದು ಸೀಟು, ಅದು ನನ್ನದು. ಪಕ್ಕದಲ್ಲಿ ಹಂಡೆ. ಹಿಂದೆ ತಳವೇ ಇಲ್ಲದೆ ನೆಲ ಕಾಣಿಸುತ್ತಿತ್ತು. ಹೆಂಡತಿಯನ್ನು ಕರೆತರಲೆಂದೇ ಕಟ್ಟಿದ ಕಾರಿನಲ್ಲಿ ಹೆಂಡತಿಗೆ ಜಾಗ ಇಡುವುದನ್ನೇ ಮರೆತಿದ್ದೆ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮಾವ ನಗಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ಹೆಂಡತಿಯೇ ದಾರಿ ತೋರಿಸಿದಳು. ಮಗುವಿನೊಡನೆ ನನ್ನ ಸೀಟಿನಲ್ಲಿ ಹತ್ತಿ ಕೂತಳು. "ನೆಲಕ್ಕೆ ಕಾಲಿಡಂಗಿಲ್ಲ ಅಂದಿದ್ರಿ. ನಾನು ಇಳಿಯಾಕಿಲ್ಲ."

"ಎಳೇ ಮಗೀನ ಇಟ್ಕೊಂಡು ಆ ಇಂಜಿನ್ ಶುರು ಮಾಡಿದ್ರೆ ನಾನ್ ಸುಮ್ಕಿರಕಿಲ್ಲ" ಎಂದರು ಅತ್ತೆ. ಮಾವ ಹಂಡೆ ಇಳಿಸಿ ಅತ್ತೆಗೆ ಕೊಟ್ಟು, ಕೊಟ್ಟಿಗೆಯಿಂದ ಎತ್ತು ಹಿಡಿದು ತಂದು ಕಾರಿನ ಮುಂದಕ್ಕೆ ಕಟ್ಟಿದರು. ಹಂಡೆ ಇಳಿದ ಮಣೆಯ ಮೇಲೆ ಮಡಿಲಕ್ಕಿ ಗಂಟು ಬಂತು. ತೊಟ್ಟಿಲಿಗೆ ಉಳಿದದ್ದು ನನ್ನ ತಲೆ ಒಂದೇ.

ಹೀಗೆ ಹೊರಟಿತು ಸವಾರಿ. ಮುಂದೆ ಮಾವ ಮತ್ತು ಎತ್ತು, ಕಾರಿನಲ್ಲಿ ಹೆಂಡತಿ ಒಂದು ಕೈಯಲ್ಲಿ ಮಗು ಒಂದು ಕೈಯಲ್ಲಿ ಸ್ಟೀರಿಂಗ್, ಹಿಂದೆ ತೊಟ್ಟಿಲು ಹೊತ್ತ ನಾನು. ಅರ್ಧ ಮೈಲಿಯಲ್ಲಿ ಅವಳು ನನಗಿಂತ ಚೆನ್ನಾಗಿ ತಿರುಗಿಸುತ್ತಿದ್ದಳು. ಮಗು ನಿದ್ದೆ ಹೋಗಿತ್ತು. ಹುಟ್ಟಿದಂದಿನಿಂದ ಆತುರಪಟ್ಟ ನಾನು ಅವತ್ತು ಎತ್ತಿನ ನಡಿಗೆಯಲ್ಲಿ ನಡೆದೆ. ನಾಚಿಕೆಯೂ ಇತ್ತು, ಹೇಳಲಾರದಷ್ಟು ಸಂತೋಷವೂ ಇತ್ತು.

ದೀಪ ಹಚ್ಚುವ ಹೊತ್ತಿಗೆ ಅರಕಲಗೂಡು ತಲುಪಿದೆವು. ಜಗಲಿಯ ಮೇಲೆ ಗೌಡರು ಇದ್ದೇ ಇದ್ದರು! ಎತ್ತು ನೋಡಿ ಮೀಸೆ ತಿರುವಿದರು.

"ಬೆಳಿಗ್ಗೆ ಎತ್ತಿಲ್ದಂಗೆ ಓದೆ ಗೌಡ್ರೇ, ನಿಮ್ಮಾಣೆ!" ಎಂದೆ.

"ಸದ್ದು ಕೇಳ್ತು ಕಣ್ಲಾ. ಇತ್ತಲಲ್ಲಿ ತಲೆಗೆ ಎಣ್ಣೆ ಒತ್ತುಸ್ಕೊಂಡ್ ಕೂತಿದ್ದೆ. ಊರಿಗೆ ಇಟ್ಟಿನ ಗಿರಣಿ ಬಂತು ಅನ್ಕೊಂಡೆ."

ಮೀಸೆ ಉಳಿಯಿತು. ನನ್ನ ಮಾನವನ್ನಾದರೂ ಉಳಿಸಿಕೊಳ್ಳೋಣವೆಂದು, "ಆ ಇಂದಿನ ಸೀಟನ್ನಾದ್ರೂ ವಾಪಸ್ ಕೊಡಿ" ಎಂದು ಕೇಳಿದೆ.

ಗೌಡತಿ ಬಾಗಿಲಿಗೆ ಬಂದರು. "ಮತ್ತೆ ಕಾವಿಗೆ ಕೂತದೆ ಕಣಪ್ಪ. ಇಪ್ಪತ್ತೊಂದು ದಿನ ಬುಟ್ಟು ಬಾ." ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ ಅಕ್ಕರೆಯಿಂದ ಹೇಳಿದರು: "ನಿನ್ ಗಂಡ ಒಳ್ಳೇ ಮನ್ಸ ಕಣವ್ವ. ಕೂತಿರೋ ಕೋಳೀನ ಎಬ್ಬುಸ್ಬಾರ್ದು ಅಂತ ಕಾರಿನ ಸೀಟನ್ನೇ ಬುಟ್ಟೋದ."

ಹೆಂಡತಿ ಹುಣಸೆ ಮರದ ಕಡೆ ನೋಡಿದಳು. ಅಗಲವಾದ ಮೆತ್ತನೆಯ ಸೀಟಿನ ಮೇಲೆ ಕೋಳಿ ರಾಣಿಯ ಹಾಗೆ ಕೂತಿತ್ತು. ಆಮೇಲೆ ತೊಟ್ಟಿಲು ಹೊತ್ತಿದ್ದ ನನ್ನ ಕಡೆ ನೋಡಿದಳು.

"ಊಂ ಕಣಮ್ಮ, ಒಳ್ಳೆಯೋರೇ" ಎಂದಳು. "ಕಂಡೋರ ಕೋಳಿಗೆ ಸೀಟು ಬುಟ್ಕೊಟ್ಟು, ಎಂಡ್ತಿ ಜಾಗಕ್ಕೆ ಅಂಡೆ ಮಡಗಿದ್ರು."