ಹುಲಿ ಮುಂದಿನ ಸ್ಟೇಜಿನಲ್ಲಿದೆ

ವಿಮರ್ಶೆ ಬರೆಯಬೇಕಾದರೆ ನೋಡಲೇಬೇಕು ಎಂಬ ಮೂಢನಂಬಿಕೆ ನನಗೆ ಯಾವತ್ತೂ ಇರಲಿಲ್ಲ. ಬಂಗಾರಪೇಟೆಯಿಂದ ಹೊರಡುತ್ತಿದ್ದ ನಾಲ್ಕು ಪುಟದ ವಾರಪತ್ರಿಕೆಯೊಂದಕ್ಕೆ ನಾನು ಆಗ ಕಲಾವಿಮರ್ಶಕ. ಬೆಳಿಗ್ಗೆ ಮತ್ತು ಸಂಜೆ ನಮ್ಮೂರ ಹಾಲಿನ ಡೈರಿಯಲ್ಲಿ ಸೆಕ್ರೆಟರಿ, ಉಳಿದ ಹೊತ್ತೆಲ್ಲ ಕಲೆಯ ಸೇವೆ. ಸುತ್ತಮುತ್ತ ಯಾರೇ ಪೌರಾಣಿಕ ನಾಟಕ ಆಡಲಿ, ಮುಂದಿನ ವಾರ ನನ್ನ ವಿಮರ್ಶೆ ಅಚ್ಚಾಗುತ್ತಿತ್ತು. ನಾಟಕದ ಪರದೆ ಏಳುವ ಹೊತ್ತಿಗೆ ಸರಿಯಾಗಿ ನನಗೆ ಕಣ್ಣು ಎಳೆಯುತ್ತಿದ್ದುದರಿಂದ ಪಾಂಪ್ಲೆಟ್ ನೋಡಿಕೊಂಡು ಬರೆಯುತ್ತಿದ್ದೆ. ಒಮ್ಮೆ ರಾಕ್ಷಸನ ಪಾತ್ರಧಾರಿಯ ಅಟ್ಟಹಾಸವನ್ನು ಒಂದು ಪ್ಯಾರಾ ತುಂಬ ಹೊಗಳಿದೆ. ಆವತ್ತು ಆ ಪುಣ್ಯಾತ್ಮ ಜ್ವರ ಬಂದು ಮನೆಯಲ್ಲಿ ಮಲಗಿದ್ದನಂತೆ. ಅವನೇನು ಜಗಳಕ್ಕೆ ಬಂದನೇ? ಡೈರಿಗೆ ಬಂದು ಕೈ ಮುಗಿದು, ಬಾಳೆಹಣ್ಣಿನ ಚಿಪ್ಪು ಕೊಟ್ಟು ಹೋದ. ವಿಮರ್ಶಕನಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕೇ?

ಡೈರಿಯಲ್ಲಿ ಮಾತ್ರ ನಾನು ಬಲು ಕಟ್ಟುನಿಟ್ಟು. ಯಾರಾದರೂ ಹಾಲಿಗೆ ಒಂದು ಚೊಂಬು ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಇಳಿಬಿಟ್ಟು, ಕ್ಯೂನಲ್ಲಿ ನಿಂತವರೆಲ್ಲರ ಎದುರಿಗೆ ಮಾನ ಹರಾಜು ಹಾಕುತ್ತಿದ್ದೆ. ವಿಮರ್ಶೆಗೆ ಇಳಿಬಿಡುವ ಲ್ಯಾಕ್ಟೋಮೀಟರನ್ನು ಇನ್ನೂ ಯಾರೂ ಕಂಡುಹಿಡಿದಿರಲಿಲ್ಲ, ಅಷ್ಟೆ.

ಹೀಗೆ ನನ್ನ ಲೇಖನಿ ನಿರಾತಂಕವಾಗಿ ಓಡುತ್ತಿರುವಾಗ ವಿಡಿಯೋ ಗೇಮ್ ಅಡ್ಡ ಬಂತು. ತಂದವನು ನನ್ನ ಬಾಮೈದ ಮಂಜ.

ನನ್ನ ಮಾವನವರ ಮನೆ ಊರಿಗಾಂನಲ್ಲಿ. ಅಲ್ಲಿನ ಚಿನ್ನದ ಗಣಿಯೊಳಗೆ ದುಡಿದು ರಿಟೈರ್ ಆದವರು. ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ ಅವರದೊಂದು ಚಿಕ್ಕ ಅಂಗಡಿ ಕೋಣೆ ಬೀಗ ಹಾಕಿಕೊಂಡು ಕೂತಿತ್ತು. ಅಲ್ಲಿ ರಾಗಿ ಮಿಷನ್ ಇಡುತ್ತೇನೆಂದು ಒಬ್ಬರು ದಿನಾ ಬಾಗಿಲು ತಟ್ಟುತ್ತಿದ್ದರು. ಮಂಜನಿಗೆ ಅದೇ ಕೋಣೆಯಲ್ಲಿ ವಿಡಿಯೋ ಗೇಮ್ ಅಂಗಡಿ ತೆರೆಯುವ ಆಸೆ. ಹಿಡಿದ ಕೆಲಸವನ್ನೆಲ್ಲ ಬಿಟ್ಟ ಹುಡುಗ ಇದೊಂದರಲ್ಲಾದರೂ ನೆಲೆ ನಿಲ್ಲಲಿ ಎಂದು ಅವನ ಅಕ್ಕ, ಅಂದರೆ ನನ್ನ ಹೆಂಡತಿ ರತ್ನ, ಹರಕೆ ಹೊತ್ತಿದ್ದಳು.

ಒಂದು ಹಬ್ಬದ ದಿನ ಊಟಕ್ಕೆ ಕೂತಾಗ ಈ ಮಾತು ಬಂತು.

"ರಾಗಿ ಮಿಷನ್ನು ಅಂದ್ರೆ ಇಟ್ಟು ಬತ್ತದೆ. ನಿನ್ ಮಿಷನ್ನಾಗೆ ಏನ್ಲಾ ಬತ್ತದೆ?" ಅಂದರು ಮಾವ.

"ಮಜಾ ಬತ್ತದೆ ಕಣಪ್ಪಾ."

"ಮಜಾನ ಮುದ್ದೆ ಕಟ್ಕೊಂಡು ತಿಂತೀಯಾ?"

ಮಂಜ ತಲೆ ತಗ್ಗಿಸಿದ. ರತ್ನ ನನ್ನ ಕಡೆ ಕಣ್ಣು ಬಿಟ್ಟಳು. ಮದುವೆಯಾದವರಿಗೆ ಆ ಕಣ್ಣಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಾನು ಗಂಟಲು ಸರಿ ಮಾಡಿಕೊಂಡು, "ಮಾವ, ಇದು ಕಾಲಕ್ಕೆ ತಕ್ಕ ಕಲೆ" ಅಂದೆ.

ಮಾವ ಕೈ ನೆಕ್ಕಿ ಯೋಚಿಸಿದರು. "ಸರಿ ಅಳಿಯಂದ್ರೇ. ನೀವು ಪೇಪರ್‌ನಾಗೆ ಬರಿಯೋರು. ಆ ಆಟಾನ ಒಂದ್ ಕಿತ ನೋಡಿ, ಎಂಗೈತೆ ಅಂತ ಬರೀರಿ. ಚೆನ್ನಾಗೈತೆ ಅಂತ ಪೇಪರ್ ಏಳಿದ್ರೆ ಬೀಗದ ಕೈ ಇವನಿಗೆ. ಇಲ್ದಿದ್ರೆ ಮಿಷನ್ನು."

ಆಮೇಲೆ ಎಂದಿನಂತೆ ಗಣಿಯ ಕಥೆ ಶುರುವಾಯಿತು. ಆ ಮನೆಯಲ್ಲಿ ಉಪ್ಪಿನಕಾಯಿ ತಪ್ಪಿದರೂ ಗಣಿಯ ಕಥೆ ತಪ್ಪುತ್ತಿರಲಿಲ್ಲ. ಭೂಮಿಯ ಒಳಗೆ ಮದ್ದು ಹಾರಿಸಿದ ಮೇಲೆ ತಲೆಯ ಮೇಲಿನ ಬಂಡೆ ಸಡಿಲವಾಗಿರುತ್ತದಂತೆ. "ಬಂಡೆ ಗಟ್ಟಿ ಐತೆ, ಬನ್ನಿ" ಅಂತ ಯಾರು ಹೇಳುತ್ತಾನೋ ಅವನೇ ಮೊದಲು ಹೋಗಿ ಅದರ ಕೆಳಗೆ ನಿಲ್ಲಬೇಕಂತೆ. ಅದು ಅವರ ಗ್ಯಾಂಗಿನ ಕಟ್ಟಳೆ. ನಾನು ಹೂಂಗುಟ್ಟುತ್ತಾ ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ. ಆವತ್ತು ಒಬ್ಬಟ್ಟಿನ ಬದಲು ಕಥೆಯ ಕಡೆ ಗಮನ ಕೊಟ್ಟಿದ್ದರೆ ಈ ಬರಹಕ್ಕೆ ವಸ್ತುವೇ ಇರುತ್ತಿರಲಿಲ್ಲ.

ಎರಡು ದಿನ ಬಿಟ್ಟು ಮಂಜ ಒಂದು ಬ್ಯಾಗಿನಲ್ಲಿ ಆಟದ ಮಿಷನ್ ತುಂಬಿಕೊಂಡು ನಮ್ಮ ಮನೆಗೆ ಬಂದ. ಟೀವಿಗೆ ಅದರ ವೈರು ಸಿಕ್ಕಿಸುವ ಹೊತ್ತಿಗೆ ಕರೆಂಟ್ ಹೋಯಿತು. ಪತ್ರಿಕೆಗೆ ಬರಹ ಅದೇ ಸಂಜೆಯ ಬಸ್ಸಿಗೆ ಹೋಗಬೇಕು.

"ಕರೆಂಟ್ ಬಂದ ಮೇಲೆ ಆಡಿ ನೋಡಿ ಬರೀರಿ ಭಾವ" ಅಂದ ಮಂಜ.

"ಆಡಿ ಬರೆದರೆ ಆಟದ ಮೇಲೆ ವ್ಯಾಮೋಹ ಹುಟ್ಟುತ್ತೆ ಮಂಜ. ವಿಮರ್ಶಕ ದೂರ ನಿಲ್ಲಬೇಕು. ಆ ಕ್ಯಾಸೆಟ್ ಇಲ್ಲಿ ಕೊಡು."

ಅಂಗೈಯಗಲದ ಹಳದಿ ಕ್ಯಾಸೆಟ್ ಅದು. ಅದರ ಮೇಲಿನ ಚಿತ್ರವಿದೆಯಲ್ಲ, ಕಣ್ಣಿಗೆ ಹಬ್ಬ! ದಪ್ಪ ಮೀಸೆಯ ನಾಯಕ, ಅವನ ಹಿಂದೆ ಜಲಪಾತ, ಗುಹೆಯ ಬಾಯಲ್ಲಿ ಚಿನ್ನದ ಗಟ್ಟಿಗಳ ರಾಶಿ, ಇದೆಲ್ಲದರ ಮೇಲೆ ಹಾರಿ ಬರುತ್ತಿರುವ ಒಂದು ಹುಲಿ. ಇದಕ್ಕಿಂತ ಹೆಚ್ಚಿಗೆ ಏನು ನೋಡಬೇಕು? ಕುಳಿತವನು ಎದ್ದದ್ದು ವಿಮರ್ಶೆ ಮುಗಿದ ಮೇಲೆಯೇ. "ಚಿನ್ನದ ಗಣಿಯೊಳಗೆ ಸ್ವತಃ ಇಳಿದ ರೋಮಾಂಚನ. ಜಲಪಾತದ ದೃಶ್ಯದಲ್ಲಿ ಮೈ ತೊಯ್ದ ಅನುಭವ. ಹುಲಿಯೊಡನೆ ನಾಯಕನ ಕಾಳಗವಂತೂ ಎದೆ ನಡುಗಿಸುತ್ತದೆ. ಪಾತ್ರಧಾರಿಗಳ ಅಭಿನಯ ಅಮೋಘ. ಹಾಡುಗಳು ಕಿವಿಗೆ ಇಂಪು." ಕೊನೆಯ ಎರಡು ವಾಕ್ಯ ಕೈಗೆ ಅಭ್ಯಾಸವಾದದ್ದು, ತಾನಾಗಿಯೇ ಬಂತು.

ಮಂಜ ಓದಿ ತಲೆ ಕೆರೆದುಕೊಂಡ. "ಭಾವ, ಈ ಆಟದಾಗೆ ಉಲಿ..." ಅಂತ ಏನೋ ಹೇಳಲು ಹೊರಟ. ಅವನ ಅಕ್ಕ, "ನಿಂಗೆ ಅಂಗಡಿ ಬೇಕೋ, ಉಲಿ ಬೇಕೋ? ಸುಮ್ನಿರ್ಲಾ" ಅಂದಳು.

ವಿಮರ್ಶೆ ಅಚ್ಚಾಯಿತು. ಮಾವ ಅದನ್ನು ಊರಿಗಾಂನ ಟೀ ಅಂಗಡಿಯಲ್ಲಿ ಗಟ್ಟಿಯಾಗಿ ಓದಿದರಂತೆ. ಕೇಳಿದವರು ಇನ್ನೊಮ್ಮೆ ಓದಿಸಿದರಂತೆ. ನಾಲ್ಕು ದಿನಕ್ಕೆ ಮಂಜ ಸೈಕಲ್ ತುಳಿದುಕೊಂಡು ಡೈರಿಗೆ ಬಂದು, ಬೆವರು ಒರೆಸಿಕೊಳ್ಳುತ್ತಾ ವರದಿ ಒಪ್ಪಿಸಿದ.

"ಭಾವ, ಅಪ್ಪಯ್ಯ ಭಾನುವಾರ ಫ್ರೆಂಡ್ಸ್‌ನೆಲ್ಲ ಕರ್ಕೊಂಡು ಬತ್ತಾ ಐತೆ. ಎಲ್ರೂ ಉಲಿ ನೋಡ್ಬೇಕಂತೆ."

"ಬರಲಿ ಬಿಡು. ನೀನು ಆಡಿ ತೋರಿಸು."

"ಅದ್ರಾಗೆ ಉಲಿ ಇಲ್ಲ ಭಾವ."

"ಜಲಪಾತ?"

"ಇಲ್ಲ."

"ಚಿನ್ನ?"

"ಹಳದಿ ಚುಕ್ಕಿ ಐತೆ."

ನನ್ನ ಕೈಯಲ್ಲಿದ್ದ ಲ್ಯಾಕ್ಟೋಮೀಟರ್ ಜಾರಿ ಹಾಲಿನ ಕ್ಯಾನಿಗೆ ಬಿತ್ತು.

ಭಾನುವಾರ ಬೆಳಿಗ್ಗೆ, ಮಾವ ಒಂದು ದಿನದ ಮಟ್ಟಿಗೆಂದು ಮಂಜನ ಕೈಲಿ ಕಳಿಸಿದ್ದ ಬೀಗದ ಕೈಯಿಂದ ಸ್ಟೇಷನ್ ರಸ್ತೆಯ ಕೋಣೆಯ ಬೀಗ ತೆಗೆದೆವು. ನಮ್ಮ ಮನೆಯ ಟೀವಿಯನ್ನು ಮಗುವಿನ ಹಾಗೆ ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದದ್ದಾಯಿತು. ರತ್ನ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದಳು. ಧೈರ್ಯಕ್ಕೆಂದು ನಾನು ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡೆ. ಮಂಜ ಕ್ಯಾಸೆಟ್ ತೆಗೆದು ಅದರ ಬಾಯಿಗೆ 'ಉಫ್' ಅಂತ ಊದಿ ಮಿಷನ್ನಿಗೆ ಸಿಕ್ಕಿಸಿದ. "ಧೂಳು ಕೂತ್ರೆ ಆಟ ಬರಲ್ಲ ಭಾವ. ನಿಂತೋದ್ರೆ ಒಂದ್ ಸಾರಿ ಊದಿದ್ರೆ ಸಾಕು" ಅಂತ ಹೇಳಿಕೊಟ್ಟ.

ರೈಲು ಬಂತು. ಮಾವ ಬಿಳಿ ಪಂಚೆ ಉಟ್ಟು ಗತ್ತಿನಿಂದ ಮುಂದೆ, ಹಿಂದೆ ಒಂದು ಹಿಂಡು ಮುದುಕರು. ಅವರಲ್ಲಿ ಮುಖ್ಯರು ಮುನಿಸಾಮಿಯವರು, ಮಾವನ ಗ್ಯಾಂಗಿನಲ್ಲೇ ದುಡಿದವರು, ಮನೆ ಮಾತು ತಮಿಳು. ಎಲ್ಲರೂ ನೆಲದ ಮೇಲೆ ಚಾಪೆ ಹಾಸಿ ಕೂತರು. ಮಂಜ ಆಟ ಆಡಿಸುವ ರಿಮೋಟ್ ಹಿಡಿಯಲು ಕೈ ಚಾಚಿದ.

"ನೀನ್ಯಾಕ್ಲಾ?" ಅಂದರು ಮಾವ. "ಚೆನ್ನಾಗೈತೆ ಅಂದೋರು ಯಾರು? ಅಳಿಯಂದ್ರು. ಬಂಡೆ ಗಟ್ಟಿ ಐತೆ ಅಂದೋನೇ ಮೊದ್ಲು ಒಳಗೋಗ್ಬೇಕು. ಓಗಿ ಅಳಿಯಂದ್ರೇ."

ಗ್ಯಾಂಗ್ ಪೂರ್ತಿ ತಲೆಯಾಡಿಸಿತು. ಒಬ್ಬಟ್ಟಿನ ಜೊತೆ ಕೇಳಿದ ಕಥೆ ಆಗ ನನಗೆ ಸ್ಪಷ್ಟವಾಗಿ ನೆನಪಾಯಿತು.

ಟೀವಿ ಮುಂದಿನ ಕುರ್ಚಿಯಲ್ಲಿ ಕೂತು ರಿಮೋಟ್ ಹಿಡಿದೆ. ಪರದೆಯ ಮೇಲೆ ಸಕ್ಕರೆ ಅಚ್ಚಿನಷ್ಟು ಗಾತ್ರದ ಒಬ್ಬ ಚೌಕಾಕಾರದ ಮನುಷ್ಯ ನಿಂತಿದ್ದ. ಮೀಸೆ ಇರಲಿ, ಅವನಿಗೆ ಮುಖವೇ ಇರಲಿಲ್ಲ. ಗುಂಡಿ ಒತ್ತಿದೆ. ಅವನು ನಡೆದ. ಎದುರಿಗಿದ್ದ ಹಳ್ಳಕ್ಕೆ ಬಿದ್ದ. 'ಟೊಂಯ್' ಅಂತ ಸದ್ದಾಯಿತು.

"ಏನಾಯ್ತು?" ಅಂದರು ಮಾವ.

"ಗಣಿಗೆ ಇಳಿದ ಮಾವ" ಅಂದೆ.

ಮತ್ತೆ ಆಡಿದೆ, ಮತ್ತೆ ಬಿದ್ದ. ಅವನನ್ನು ಹಳ್ಳ ದಾಟಿಸಲು ನಾನೂ ಕುರ್ಚಿಯಿಂದ ಹಾರಿದೆ. ನಾನು ದಾಟಿದೆ, ಅವನು ದಾಟಲಿಲ್ಲ. ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ. ಮುದುಕರೆಲ್ಲ ಪರದೆ ಬಿಟ್ಟು ನನ್ನನ್ನೇ ನೋಡತೊಡಗಿದರು. ಹಾಡುಗಳ ವಿಷಯಕ್ಕೆ ಬಂದರೆ ಆ 'ಟೊಂಯ್' ಒಂದೇ.

ಮುನಿಸಾಮಿಯವರು ಮೆಲ್ಲಗೆ ಕೇಳಿದರು: "ಪುಲಿ ಎಂಗಪ್ಪಾ?"

ಹುಲಿ ಎಲ್ಲಿ ಅಂತ ತಮಿಳಿನಲ್ಲಿ ಕೇಳಿದರೇನು, ಕನ್ನಡದಲ್ಲಿ ಕೇಳಿದರೇನು, ಉತ್ತರವಿದ್ದರೆ ತಾನೆ? "ಹುಲಿ ಮುಂದಿನ ಸ್ಟೇಜಿನಲ್ಲಿದೆ" ಅಂದೆ.

"ನೀವು ಅಲ್ಲಿಗೆ ಯಾವಾಗ ಓಗ್ತೀರಿ?" ಅಂದರು ಮುನಿಸಾಮಿಯವರು.

ನನ್ನ ಚೌಕದ ಮನುಷ್ಯ ಇನ್ನೂ ಮೊದಲ ಹಳ್ಳದಲ್ಲೇ ಸಾಯುತ್ತಿದ್ದ. ಸಾಯಂಕಾಲದ ರೈಲಿನ ಹೊತ್ತಿಗೂ ಇವರಿಗೆ ಹುಲಿ ಕಾಣುವಂತಿರಲಿಲ್ಲ. ಮಂಜನ ಮುಖ ಬಾಡಿ ಹೋಗಿತ್ತು. ಪಾಪ, ಅವನ ಕಣ್ಣ ಮುಂದೆ ರಾಗಿ ಮಿಷನ್ ಗರಗರ ತಿರುಗುತ್ತಿತ್ತೋ ಏನೋ. ನಿಜ ಹೇಳುತ್ತೇನೆ, ನನಗೆ ನಾಚಿಕೆಗಿಂತ ಹೆಚ್ಚಾಗಿ ಸಂಕಟವಾಯಿತು. ಆಟ ಕೆಟ್ಟದ್ದಲ್ಲ, ಆಡುವ ಹುಡುಗನೂ ಕೆಟ್ಟವನಲ್ಲ. ನನ್ನ ಹುಲಿ ಅವನ ಅಂಗಡಿಯನ್ನು ತಿನ್ನುತ್ತಿತ್ತು.

ಆಗ ಮುನಿಸಾಮಿಯವರು ನನ್ನನ್ನು ಬಿಟ್ಟು ಮಾವನ ಕಡೆ ತಿರುಗಿದರು. "ಯೋವ್, ನೀನೂ ಈ ಆಟ ನೋಡಿದೀನಿ ಅಂದ್ಯಲ್ಲ? ಟೀ ಅಂಗಡೀಲಿ ಕೈ ಕಾಲು ಆಡ್ಸಿ ಏಳ್ದೆ. ಪುಲಿ ಇಂಗೆ ಬಂತು, ನನ್ ಮಗ ಇಂಗೆ ಬಗ್ಗಿಕೊಂಡ, ಅಂತ. ನಾನೇ ಪಕ್ಕದಾಗ್ ಕೂತಿದ್ದೆ ಅಂದೆ."

ಮಾವ ಪಂಚೆಯ ಅಂಚನ್ನು ಸರಿಪಡಿಸಿಕೊಂಡರು. ಅದು ಸರಿಯಾಗಿಯೇ ಇತ್ತು.

"ಅದು... ಪೇಪರ್‌ನಾಗೆ ಬಂದಿತ್ತಲ್ಲ" ಅಂದರು.

"ಪೇಪರ್ ಬಿಡು. ನೀನು ಗಟ್ಟಿ ಐತೆ ಅಂದೆ. ನೀನೂ ಒಳಗೋಗು. ಪುಲಿ ತೋರ್ಸು."

ಗ್ಯಾಂಗ್ ಪೂರ್ತಿ ಮತ್ತೆ ತಲೆಯಾಡಿಸಿತು. ನಾನು ಮಾವನನ್ನು ನೋಡಿದೆ. ಮಾವ ನನ್ನನ್ನು ನೋಡಿದರು. ಮದುವೆಯಾದ ಇಷ್ಟು ವರ್ಷದಲ್ಲಿ ಮಾವ ಅಳಿಯ ಒಬ್ಬರನ್ನೊಬ್ಬರು ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡದ್ದು ಅದೇ ಮೊದಲು. ನಾನು ಕ್ಯಾಸೆಟ್ ನೋಡಿ ಬರೆದಿದ್ದೆ, ಅವರು ನಾನು ಬರೆದದ್ದನ್ನು ಓದಿ 'ನೋಡಿದೀನಿ' ಅಂದಿದ್ದರು!

ರಿಮೋಟನ್ನು ಅವರ ಕಡೆ ಚಾಚಲು ಹೋದಾಗ ಅದರ ವೈರು ನನ್ನ ಕಾಲಿಗೆ ಸುತ್ತಿಕೊಂಡಿತು. ಎಳೆದೆ. ಮಿಷನ್ ಮೇಜಿನಿಂದ ಜಿಗಿಯಿತು, ಕ್ಯಾಸೆಟ್ ಹೊರಕ್ಕೆ ಹಾರಿತು, ಪರದೆಯ ತುಂಬ ಬಣ್ಣಬಣ್ಣದ ಗೆರೆ. ಟೀವಿಯನ್ನು ಮಾತ್ರ ರತ್ನ ಅಪ್ಪಿ ಹಿಡಿದುಕೊಂಡಳು. ನನ್ನನ್ನು ಅವಳು ಯಾವತ್ತೂ ಅಷ್ಟು ಆತುರದಿಂದ ಹಿಡಿದದ್ದಿಲ್ಲ.

"ಏನೂ ಆಗಿಲ್ಲ ಭಾವ, ಧೂಳು. ಒಂದ್ ಸಾರಿ ಊದಿ ಆಕಿ" ಅಂದ ಮಂಜ.

ಇಷ್ಟು ಹೊತ್ತಿನಲ್ಲಿ ನನ್ನ ಕೈಲಾಗುವ ಕೆಲಸ ಅದೊಂದೇ ಅನ್ನಿಸಿತು. ಕ್ಯಾಸೆಟ್ ಎತ್ತಿಕೊಂಡು, ಎದೆಯ ತುಂಬ ಉಸಿರು ಎಳೆದು, ಅದರ ಬಾಯಿಗೆ ಬಾಯಿಟ್ಟು ಬಲವಾಗಿ ಊದಿದೆ.

ಬಾಯಲ್ಲಿ ಎಲೆ ಅಡಿಕೆ ಇತ್ತು.

ಹಳದಿ ಕ್ಯಾಸೆಟ್ ಕೆಂಪಾಯಿತು. ಉಳಿದದ್ದು ಮುನಿಸಾಮಿಯವರ ಬಿಳಿ ಅಂಗಿಯ ಮೇಲೆ ಹರಡಿತು. ಮಂಜ ಅದನ್ನು ಒರೆಸಿ, ಕೊಡವಿ, ಮಿಷನ್ನಿಗೆ ಹಾಕಿದ. ಒಳಗಿನಿಂದ 'ಟೊಂಯ್' ಎಂಬ ಹಾಡು ಕೂಡ ಬರಲಿಲ್ಲ.

ಆಮೇಲೆ ಮುನಿಸಾಮಿಯವರು ತಮ್ಮ ಅಂಗಿ ನೋಡಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಹಿಂದೆ ಇಡೀ ಗ್ಯಾಂಗ್ ನಕ್ಕಿತು. ನಕ್ಕು ಸುಸ್ತಾಗಿ ಚಿತ್ರಾನ್ನ ಖಾಲಿ ಮಾಡಿದರು. ಪುಲಿ ಬರಲಿಲ್ಲವಾದರೂ ಇಂಥ ಆಟ ತಾವು ನೋಡಿಲ್ಲವೆಂದು ಎಲ್ಲರೂ ಒಪ್ಪಿದರು.

ಕೋಣೆಗೆ ಬೀಗ ಹಾಕಿ, ಅದರ ಕೈಯನ್ನು ಮಾವ ಜೇಬಿಗೆ ಇಳಿಸಿದರು. ರೈಲಿಗೆ ಬಿಡಲು ಪ್ಲಾಟ್‌ಫಾರಂಗೆ ಹೋದಾಗ ಮಾವ ನನ್ನನ್ನು ಒಂದು ಕಂಬದ ಹಿಂದೆ ಕರೆದರು. ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವರು ಆ ಕಡೆ ಈ ಕಡೆ ನೋಡಿ, ಜೇಬಿನಿಂದ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಮಂಜಂಗೆ ಕೊಡಿ. ಅಂಗಡಿ ಇಡ್ಲಿ."

"ಮಾವ, ಹುಲಿ..."

"ಉಲಿ ಮಾತು ಎತ್ಬೇಡಿ" ಅಂದರು. ಆಮೇಲೆ ದನಿ ಇನ್ನೂ ತಗ್ಗಿಸಿ, "ಒಳ್ಳೆ ಟೈಮ್‌ನಾಗೆ ಊದಿದ್ರಿ ಅಳಿಯಂದ್ರೇ" ಅಂದರು.

ಮಂಜನ ಅಂಗಡಿ ಚೆನ್ನಾಗಿಯೇ ನಡೆಯಿತು. ಬಾಗಿಲಲ್ಲಿ ಅವನು ಒಂದೇ ಒಂದು ಬೋರ್ಡ್ ಹಾಕಿದ್ದ: 'ಎಲೆ ಅಡಿಕೆ ಹಾಕಿದವರಿಗೆ ಪ್ರವೇಶವಿಲ್ಲ.' ಅಲ್ಲಿಗೆ ಬರುತ್ತಿದ್ದವರೆಲ್ಲ ಶಾಲೆಯ ಮಕ್ಕಳು. ಆ ಬೋರ್ಡ್ ಇಡೀ ಬಂಗಾರಪೇಟೆಯಲ್ಲಿ ಯಾರೊಬ್ಬರಿಗಾಗಿ ಎಂದು ಹೇಳಬೇಕಾಗಿಲ್ಲ.

ಗಣಿಯ ಕಟ್ಟಳೆ ಮಾತ್ರ ಅವತ್ತಿನಿಂದ ನಮ್ಮ ಮನೆಗೂ ಬಂತು. ಸಾರು ಚೆನ್ನಾಗಿದೆ ಅಂದರೆ, "ನೀವು ಮೊದ್ಲು ಒಂದ್ ಲೋಟ ಕುಡೀರಿ" ಅನ್ನುತ್ತಾಳೆ ರತ್ನ. ಹೊಸ ಏಣಿ ಗಟ್ಟಿಯಾಗಿದೆ ಅಂದರೆ, "ಅತ್ತಿ ತೋರ್ಸಿ" ಅನ್ನುತ್ತಾಳೆ. ಈ ಬರಹ ಮುಗಿಸಿ ಅವಳ ಕೈಗೆ ಕೊಟ್ಟು, "ಓದು, ತುಂಬಾ ಚೆನ್ನಾಗಿ ಬಂದಿದೆ" ಅಂದೆ.

ಅವಳು ಹಾಳೆ ಮುಟ್ಟಲಿಲ್ಲ. "ನೀವು ಓದಿದ್ರಾ?" ಅಂದಳು.

"ಅಯ್ಯೋ, ನಾನೇ ಬರೆದದ್ದು ಕಣೇ."

"ಬರ್ದಿರೋದು ಗೊತ್ತು. ಓದಿದ್ರಾ?"